ರುಜುವಾತಿನ ಹೊಣೆ ಯಾರದು? ಯುರೋಪಿನ ರೋಮಾ ಜನ ಮತ್ತು ಸಮಾನತೆಯ ಕಾನೂನು

ಬಲ್ಗೇರಿಯಾದ ಡುಪ್ನಿಟ್ಸಾ ಪಟ್ಟಣದಲ್ಲಿ ಗಿಜ್ದೋವಾ ಮಹಲಾ ಎಂಬ ಬಡಾವಣೆಯಿದೆ. ಅಲ್ಲಿರುವವರಲ್ಲಿ ಹೆಚ್ಚಿನವರು ರೋಮಾ ಜನ, ಅಂದರೆ ಸುಮಾರು ಸಾವಿರ ವರ್ಷಗಳ ಹಿಂದೆ ಭಾರತದಿಂದ ಹೊರಟವರ ಸಂತತಿ. 1999 ಮತ್ತು 2000ರಲ್ಲಿ ಆ ಬಡಾವಣೆಯ ಕರೆಂಟ್ ಮೀಟರುಗಳನ್ನೆಲ್ಲ ಕಂಬಗಳ ಮೇಲೆ ಆರೇಳು ಮೀಟರ್ ಎತ್ತರಕ್ಕೆ ಏರಿಸಲಾಯಿತು. ಊರಿನ ಉಳಿದ ಕಡೆ ಅವು ಕಣ್ಣಳತೆಯಲ್ಲಿ, 1.70 ಮೀಟರ್ ಎತ್ತರದಲ್ಲೇ ಇದ್ದವು. ಈ ಜನ ಮೀಟರ್ ಕೆಡಿಸುತ್ತಾರೆ, ಕರೆಂಟ್ ಕದಿಯುತ್ತಾರೆ ಎಂಬುದು ವಿದ್ಯುತ್ ಕಂಪನಿಯ ಸಮರ್ಥನೆ. ಹಾಗೆ ಕದ್ದವರು ಯಾರು, ಎಷ್ಟು ಮಂದಿ ಎಂದು ಬೇರೆ ಮಾಡಿ ನೋಡುವ ಗೋಜಿಗೆ ಹೋಗದೆ, ಇಡೀ ಬಡಾವಣೆಯನ್ನೇ ಕಳ್ಳರ ಪಟ್ಟಿಗೆ ಸೇರಿಸಲಾಯಿತು.

ಅಲ್ಲೇ ದಿನಸಿ ಅಂಗಡಿ ಇಟ್ಟಿದ್ದ ಒಬ್ಬ ಮಹಿಳೆಗೆ ಬಿಲ್ ಜಾಸ್ತಿ ಬರುತ್ತಿದೆ ಅನ್ನಿಸಿತು. ಮೀಟರ್ ಓದಿ ತಾಳೆ ನೋಡುವ ದಾರಿಯೇ ಇರಲಿಲ್ಲ. 2008ರಲ್ಲಿ ಆಕೆ ಬಲ್ಗೇರಿಯಾದ ತಾರತಮ್ಯ ತಡೆ ಆಯೋಗಕ್ಕೆ ದೂರು ಕೊಟ್ಟರು. ಆಕೆ ರೋಮಾ ಸಮುದಾಯದವರಾಗಿರಲಿಲ್ಲ. ಪ್ರಕರಣ ಕೊನೆಗೆ ಲಕ್ಸೆಂಬರ್ಗಿನಲ್ಲಿರುವ ಐರೋಪ್ಯ ಒಕ್ಕೂಟದ ನ್ಯಾಯಾಲಯದವರೆಗೆ ಹೋಯಿತು. 2015ರ ಜುಲೈ 16ರ ತೀರ್ಪು ಎರಡು ಮಾತುಗಳನ್ನು ಗಟ್ಟಿಮಾಡಿತು. ಒಂದು ಜನಾಂಗವನ್ನು ಗುರಿಯಾಗಿಸಿದ ಕ್ರಮದಿಂದ ಆ ಜನಾಂಗಕ್ಕೆ ಸೇರದವರಿಗೆ ತೊಂದರೆಯಾದರೂ ಅವರು ದೂರು ಕೊಡಬಹುದು. ಇಡೀ ಬಡಾವಣೆಗೆ ಕಳಂಕ ಹಚ್ಚುವ ಇಂಥ ಕ್ರಮಕ್ಕೆ ‘ಕಳ್ಳತನ ತಡೆಯಲು’ ಎಂಬ ಒಂದೇ ಮಾತು ಸಾಲದು.

ಈ ತೀರ್ಪಿಗೆ ಬುನಾದಿಯಾದದ್ದು ಐರೋಪ್ಯ ಒಕ್ಕೂಟವು 2000ದಲ್ಲಿ ಹೊರಡಿಸಿದ ಜನಾಂಗೀಯ ಸಮಾನತೆಯ ನಿರ್ದೇಶನ. ಅದರ ಸಂಖ್ಯೆ 2000/43. ಉದ್ಯೋಗ, ತರಬೇತಿ, ಶಿಕ್ಷಣ, ಆರೋಗ್ಯ, ಸಾಮಾಜಿಕ ಭದ್ರತೆ, ಬಾಡಿಗೆ ಮನೆ, ಸಾರ್ವಜನಿಕರಿಗೆ ಸಿಗುವ ಸರಕು ಮತ್ತು ಸೇವೆ ಎಲ್ಲದರಲ್ಲೂ ಜನಾಂಗದ ಆಧಾರದ ತಾರತಮ್ಯವನ್ನು ಅದು ನಿಷೇಧಿಸುತ್ತದೆ. ನೇರ ತಾರತಮ್ಯದಷ್ಟೇ ಪರೋಕ್ಷ ತಾರತಮ್ಯವೂ ತಪ್ಪು. ಕಾಗದದ ಮೇಲೆ ಎಲ್ಲರಿಗೂ ಒಂದೇ ಆಗಿ ಕಾಣುವ ನಿಯಮ ಒಂದು ಸಮುದಾಯವನ್ನೇ ಹೆಚ್ಚಾಗಿ ಹಿಂದಕ್ಕೆ ತಳ್ಳುತ್ತಿದ್ದರೆ, ಅದಕ್ಕೆ ಸಕಾರಣವಿದೆ ಎಂದು ತೋರಿಸದ ಹೊರತು ಅದು ಪರೋಕ್ಷ ತಾರತಮ್ಯ.

ನಿರ್ದೇಶನದ 8ನೇ ವಿಧಿ, ನನ್ನ ದೃಷ್ಟಿಯಲ್ಲಿ, ಎಲ್ಲಕ್ಕಿಂತ ಮುಖ್ಯ. ಸಾಮಾನ್ಯವಾಗಿ ಆರೋಪ ಮಾಡಿದವರೇ ಅದನ್ನು ಸಾಬೀತು ಮಾಡಬೇಕು. ಆದರೆ ಮನೆ ಬಾಡಿಗೆಗೆ ಕೊಡದ ಮಾಲೀಕನ ಮನಸ್ಸಿನಲ್ಲಿ ಏನಿತ್ತೆಂದು ಬಡವನೊಬ್ಬ ಹೇಗೆ ಸಾಬೀತು ಮಾಡಿಯಾನು? ಈ ಕಾನೂನಿನಲ್ಲಿ ಅರ್ಜಿದಾರರು ತಾರತಮ್ಯ ನಡೆದಿರಬಹುದೆಂದು ತೋರಿಸುವ ಸಂಗತಿಗಳನ್ನು ಮುಂದಿಟ್ಟರೆ ಸಾಕು. ತಾರತಮ್ಯ ಮಾಡಿಲ್ಲ ಎಂದು ರುಜುವಾತು ಮಾಡುವ ಹೊಣೆ ಆಮೇಲೆ ಎದುರುಪಕ್ಷದ್ದು. ಕ್ರಿಮಿನಲ್ ಮೊಕದ್ದಮೆಗಳಿಗೆ ಇದು ಅನ್ವಯಿಸದು.

ಅಂಥ ಸಂಗತಿಗಳೆಂದರೆ ಯಾವುವು? ಜೆಕ್ ಗಣರಾಜ್ಯದ ಒಸ್ಟ್ರಾವಾ ನಗರದ ಪ್ರಕರಣ ಇದಕ್ಕೆ ಒಳ್ಳೆಯ ಪಾಠ. ಅಲ್ಲಿನ ಪ್ರಾಥಮಿಕ ಶಾಲಾ ಮಕ್ಕಳಲ್ಲಿ ರೋಮಾ ಮಕ್ಕಳು ಶೇ. 2.26 ಮಾತ್ರ. ಬುದ್ಧಿಮಾಂದ್ಯರಿಗೆಂದು ಇದ್ದ ವಿಶೇಷ ಶಾಲೆಗಳಲ್ಲಿ ಮಾತ್ರ ಅವರ ಪಾಲು ಶೇ. 56. ಹದಿನೆಂಟು ಮಕ್ಕಳ ಪರವಾಗಿ ಸ್ಟ್ರಾಸ್‌ಬರ್ಗಿನ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ದೂರು ಹೋಯಿತು. 2006ರಲ್ಲಿ ಅವರು ಸೋತರು. ಆದರೆ ವಿಸ್ತೃತ ಪೀಠ 2007ರ ನವೆಂಬರ್ 13ರಂದು 13–4 ಬಹುಮತದಿಂದ ಆ ತೀರ್ಪನ್ನು ಬದಲಿಸಿತು. ಅಂಕಿ ಅಂಶಗಳೇ ಮೇಲ್ನೋಟದ ಸಾಕ್ಷ್ಯವಾದವು. ತಂದೆತಾಯಿ ಒಪ್ಪಿ ಸಹಿ ಹಾಕಿದ್ದರಲ್ಲ ಎಂಬ ಸರ್ಕಾರದ ವಾದವೂ ನಿಲ್ಲಲಿಲ್ಲ. ಜನಾಂಗೀಯ ತಾರತಮ್ಯಕ್ಕೆ ಒಳಗಾಗದಿರುವ ಹಕ್ಕನ್ನು ಯಾರೂ ಸಹಿ ಮಾಡಿ ಬಿಟ್ಟುಕೊಡುವಂತಿಲ್ಲ. ತಿಳಿಯದೆ ಸಹಿ ಹಾಕಿ ಆಮೇಲೆ ಬಾಯಿ ಮುಚ್ಚಿಕೊಂಡಿರುವ ಎಲ್ಲ ದೇಶಗಳ ಬಡವರಿಗೂ ಈ ಮಾತು ಮುಟ್ಟಬೇಕು.

ತೀರ್ಪು ಬಂದಕೂಡಲೇ ಎಲ್ಲ ಸರಿಹೋಗುವುದಿಲ್ಲ, ಅದನ್ನೂ ಹೇಳಬೇಕು. ಹಂಗೇರಿಯ ಗ್ಯೋಂಗ್ಯೋಶ್‌ಪಾಟಾ ಊರಿನ ಶಾಲೆಯಲ್ಲಿ ರೋಮಾ ಮಕ್ಕಳನ್ನು ಬೇರೆ ಕೂರಿಸಿದ್ದಕ್ಕೆ ಆ ದೇಶದ ಸರ್ವೋಚ್ಚ ನ್ಯಾಯಾಲಯ 2020ರ ಮೇ ತಿಂಗಳಲ್ಲಿ 9.9 ಕೋಟಿ ಫೋರಿಂಟ್ ಪರಿಹಾರವನ್ನು ಎತ್ತಿಹಿಡಿಯಿತು. ಎರಡೇ ತಿಂಗಳಲ್ಲಿ ಸಂಸತ್ತು ಕಾನೂನು ತಿದ್ದಿ, ಮುಂದೆ ಇಂಥ ಪ್ರಕರಣಗಳಲ್ಲಿ ಹಣದ ಬದಲು ತರಬೇತಿ ಕೊಟ್ಟರೆ ಸಾಕೆಂದಿತು. ಇದು ಅನ್ಯಾಯ.

ಇನ್ನು ಸರ್ಕಾರಗಳ ನೀತಿಯ ವಿಚಾರ. ಒಕ್ಕೂಟದ ದೇಶಗಳಲ್ಲಿ ಸುಮಾರು 60 ಲಕ್ಷ ರೋಮಾ ಜನರಿದ್ದಾರೆಂದು ಅಂದಾಜು. ಒಕ್ಕೂಟದ ಮೂಲಭೂತ ಹಕ್ಕುಗಳ ಸಂಸ್ಥೆಯ 2021ರ ಸಮೀಕ್ಷೆಯಲ್ಲಿ ನೂರಕ್ಕೆ ಎಂಬತ್ತು ಮಂದಿ ಬಡತನದ ಅಂಚಿನಲ್ಲಿದ್ದರು. 2011ರಲ್ಲಿ ಬಂದ ಒಕ್ಕೂಟದ ಮೊದಲ ನೀತಿ ಚೌಕಟ್ಟು ಪ್ರತಿ ದೇಶವೂ ರೋಮಾ ಜನರ ಶಿಕ್ಷಣ, ಉದ್ಯೋಗ, ಆರೋಗ್ಯ, ವಸತಿಗೆ ಕಾರ್ಯತಂತ್ರ ಮಾಡಬೇಕೆಂದಿತು. 2020ರ ಅಕ್ಟೋಬರಿನಲ್ಲಿ ಬಂದ ಹೊಸ ಚೌಕಟ್ಟು 2030ರವರೆಗಿನದು. ಪ್ರತ್ಯೇಕ ಶಾಲೆಗಳಲ್ಲಿ ಓದುವ ರೋಮಾ ಮಕ್ಕಳ ಪ್ರಮಾಣವನ್ನು ಕನಿಷ್ಠ ಅರ್ಧಕ್ಕೆ ಇಳಿಸುವುದು ಅದರ ಗುರಿಗಳಲ್ಲೊಂದು. ರೋಮಾ ಕಾರ್ಯತಂತ್ರ ಇಲ್ಲದಿದ್ದರೆ ಸಂಬಂಧಪಟ್ಟ ಒಕ್ಕೂಟದ ನಿಧಿಯ ಹಣಕ್ಕೂ ತಡೆ ಬೀಳಬಹುದು. ಆದರೂ ಕಾರ್ಯತಂತ್ರ ಜಾರಿಯಾಗಿಲ್ಲವೆಂದು ನಾಗರಿಕರು ನೇರವಾಗಿ ದಾವೆ ಹೂಡುವಂತಿಲ್ಲ. ಕೋರ್ಟಿನಲ್ಲಿ ಬಲ ಇರುವುದು 2000ದ ನಿರ್ದೇಶನಕ್ಕೆ ಮತ್ತು ಅದರಂತೆ ಆಯಾ ದೇಶ ಮಾಡಿಕೊಂಡ ಕಾಯ್ದೆಗೆ.

ಹಾಗಾದರೆ ಅನ್ಯಾಯವಾದವರು ಏನು ಮಾಡಬೇಕು? ಮೊದಲು ದಾಖಲೆ. ದಿನಾಂಕ, ಹೆಸರು, ಇಮೇಲ್, ಸಂದೇಶ, ಸಾಕ್ಷಿಗಳನ್ನು ಅಂದೇ ಬರೆದು ಜೋಪಾನ ಮಾಡಬೇಕು. ನಿರಾಕರಣೆಗೆ ಕಾರಣವನ್ನು ಬರಹದಲ್ಲಿ ಕೇಳಬೇಕು. ಒಕ್ಕೂಟದ ಪ್ರತಿ ದೇಶದಲ್ಲೂ ಸಮಾನತೆಗೆಂದೇ ಒಂದು ಸಂಸ್ಥೆ ಇರಲೇಬೇಕೆಂದು ನಿರ್ದೇಶನ ಹೇಳುತ್ತದೆ. ದೂರು ತಯಾರಿಸಲು ಅಲ್ಲಿ ನೆರವು ಸಿಗುತ್ತದೆ. ಈ ಸಂಸ್ಥೆಗಳಿಗೆ ಸ್ವಾತಂತ್ರ್ಯ, ಸಾಕಷ್ಟು ಹಣ, ಸಿಬ್ಬಂದಿ ಕೊಡಬೇಕೆಂದು 2024ರಲ್ಲಿ ಇನ್ನೆರಡು ನಿರ್ದೇಶನಗಳು ಬಂದಿವೆ. ಅವುಗಳ ಜಾರಿಗೆ 2026ರ ಜೂನ್ 19 ಗಡುವು.

ಸ್ಟ್ರಾಸ್‌ಬರ್ಗ್ ಕಡೆಯ ಮೆಟ್ಟಿಲು. ಅನ್ಯಾಯ ನಡೆದ ದೇಶದ ನ್ಯಾಯಾಲಯಗಳನ್ನೆಲ್ಲ ಹತ್ತಿ ಮುಗಿಸಿದ ಮೇಲಷ್ಟೇ ಅಲ್ಲಿಗೆ ಹೋಗಬಹುದು. ಅಂತಿಮ ತೀರ್ಮಾನದಿಂದ ನಾಲ್ಕು ತಿಂಗಳೊಳಗೆ ಅರ್ಜಿ ಹಾಕಬೇಕು. ಮೊದಲು ಆರು ತಿಂಗಳಿತ್ತು, 2022ರ ಫೆಬ್ರವರಿಯಿಂದ ಕಡಿಮೆಯಾಗಿದೆ. ಶುಲ್ಕವಿಲ್ಲ, ಅರ್ಜಿ ಹಾಕಲು ವಕೀಲರು ಬೇಕೆಂಬ ಕಡ್ಡಾಯವೂ ಇಲ್ಲ. ನಮೂನೆ ಪೂರ್ತಿ ತುಂಬಿರಬೇಕು. ಅರ್ಧಂಬರ್ಧ ಅರ್ಜಿಯನ್ನು ನ್ಯಾಯಾಲಯ ಪರಿಗಣಿಸುವುದೇ ಇಲ್ಲ.

ಸಾವಿರ ವರ್ಷಗಳ ಹಿಂದೆ ಭಾರತದಿಂದ ಹೊರಟವರ ಮಕ್ಕಳು ಪಟ್ಟ ಪಾಡಿನಿಂದ ಬೆಳೆದ ಈ ಕಾನೂನು ಇಂದು ಮ್ಯೂನಿಕ್, ಆಮ್‌ಸ್ಟರ್‌ಡ್ಯಾಮ್, ಡಬ್ಲಿನ್ನಿನಲ್ಲಿ ದುಡಿಯುವ ಕನ್ನಡಿಗರನ್ನೂ ಕಾಯುತ್ತದೆ. ರಕ್ಷಣೆಗೆ ಯುರೋಪಿನ ಪೌರತ್ವ ಬೇಕಿಲ್ಲ. ವೀಸಾ, ವಾಸದ ಪರವಾನಗಿಯ ನಿಯಮಗಳು ಇದರ ಹೊರಗೆ. ಮೈಬಣ್ಣ, ಹೆಸರು ನೋಡಿ ಮನೆ ಅಥವಾ ಕೆಲಸ ನಿರಾಕರಿಸಿದರೆ, ಜರ್ಮನಿಯಲ್ಲಿದ್ದವರು ಎರಡು ತಿಂಗಳೊಳಗೆ ಆ ಮಾಲೀಕರಿಗೆ ಅಥವಾ ಕಂಪನಿಗೇ ಬರಹದಲ್ಲಿ ಪರಿಹಾರ ಕೇಳಬೇಕು. ಅಲ್ಲಿನ ಫೆಡರಲ್ ತಾರತಮ್ಯ ತಡೆ ಕಚೇರಿಯಲ್ಲಿ ವಿಚಾರಿಸಿದ ಮಾತ್ರಕ್ಕೆ ಈ ಗಡುವು ನಿಲ್ಲುವುದಿಲ್ಲ. ಬೇರೆ ದೇಶಗಳಲ್ಲಿರುವವರು ತಮ್ಮ ದೇಶದ ಗಡುವು ಎಷ್ಟೆಂದು ಅಲ್ಲಿನ ಸಮಾನತಾ ಸಂಸ್ಥೆಯಲ್ಲಿ ಮೊದಲ ವಾರದಲ್ಲೇ ಕೇಳಿ ತಿಳಿದುಕೊಳ್ಳಿ.