ಮನೆಯೊಳಗೆ ಸೇರುವ ವಿಷಗಳು: ತಡೆಯುವ ಕ್ರಮ ಹಾಗೂ ದೇಹದ ಸಹಜ ರಕ್ಷಣೆ

ರೇಷ್ಮೆ ಹುಳು ಸಾಕುವ ರೈತರಿಗೆ ವಿಷದ ಪರಿಣಾಮವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಪಕ್ಕದ ಟೊಮೆಟೊ ತೋಟಕ್ಕೆ ಹೊಡೆದ ಔಷಧಿ ಗಾಳಿಯಲ್ಲಿ ತೇಲಿಬಂದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕುಳಿತರೆ, ಆ ಸೊಪ್ಪು ತಿಂದ ಹುಳುಗಳು ಬಾಯಿಂದ ರಸ ಕಾರಿ, ಹೊರಳಾಡಿ ಸಾಯುತ್ತವೆ. ಒಂದು ಬೆಳೆಯೇ ಕೈಬಿಟ್ಟು ಹೋಗುತ್ತದೆ. ಆದ್ದರಿಂದಲೇ ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೈತರು ಹುಳು ಮನೆಯೊಳಕ್ಕೆ ಔಷಧಿಯ ಡಬ್ಬಿಯನ್ನು ತರುವುದಿಲ್ಲ. ಸಿಂಪರಣೆ ಮಾಡಿದ ಕೈಯಲ್ಲಿ ಸೊಪ್ಪು ಮುಟ್ಟುವುದಿಲ್ಲ. ಆದರೆ ಅದೇ ಡಬ್ಬಿ ಎಷ್ಟೋ ಮನೆಗಳಲ್ಲಿ ಮಂಚದ ಕೆಳಗೆ, ಅಟ್ಟದ ಮೇಲೆ, ರಾಗಿ ಮೂಟೆಯ ಪಕ್ಕದಲ್ಲಿ ಇರುತ್ತದೆ. ಹುಳುವಿನ ವಿಷಯದಲ್ಲಿ ವಹಿಸುವ ಎಚ್ಚರವನ್ನು ಮನೆಮಂದಿಯ ವಿಷಯದಲ್ಲಿಯೂ ವಹಿಸುವುದು ಅವಶ್ಯಕ.

ಹುಳು ಒಂದೇ ದಿನದಲ್ಲಿ ಸಾಯುತ್ತದೆ. ಮನುಷ್ಯನಲ್ಲಿ ಸಣ್ಣ ಪ್ರಮಾಣದ ವಿಷ ವರ್ಷಗಟ್ಟಲೆ ಸದ್ದಿಲ್ಲದೆ ಕೆಲಸ ಮಾಡುತ್ತದೆ. ತೂಕ ಕಡಿಮೆ ಇರುವುದರಿಂದ ಅಷ್ಟೇ ವಿಷ ಮಕ್ಕಳಿಗೆ ಹೆಚ್ಚು ಅಪಾಯಕಾರಿ. ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆಯಂತಹ ಊರುಗಳಲ್ಲಿ ಬೇಸಾಯದ ಜೊತೆಗೆ ಕೈಗಾರಿಕೆಯೂ ಬಂದಿದೆ. ಇಂತಹ ಕಡೆ ವಿಷ ಮನೆಗೆ ಬರುವ ದಾರಿಗಳು ಮುಖ್ಯವಾಗಿ ಐದು: ಪೀಡೆನಾಶಕ, ಹುಳು ಮನೆಯ ಸೋಂಕು ನಿವಾರಕ, ಬೂಷ್ಟು ಹಿಡಿದ ಕಾಳು, ಕೊಳವೆ ಬಾವಿಯ ನೀರು ಮತ್ತು ಹೊಗೆ.

1. ಪೀಡೆನಾಶಕಗಳು

ನಮ್ಮ ಕಡೆ ಪೀಡೆನಾಶಕವನ್ನು ‘ಔಷಧಿ’ ಎಂದೇ ಕರೆಯುವುದು ರೂಢಿ. ಈ ಹೆಸರಿನಿಂದಾಗಿ ಅದು ವಿಷವೆಂಬ ಭಾವನೆ ಮರೆಯಾಗುತ್ತದೆ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಸಾಗಣೆಯಲ್ಲಿ ಗೋಧಿ ಹಿಟ್ಟಿಗೆ ಸೇರಿ ನೂರಕ್ಕೂ ಹೆಚ್ಚು ಜನ ಸತ್ತರು. ಆ ದುರಂತದ ನಂತರವೇ 1968ರ ಕೀಟನಾಶಕ ಕಾಯಿದೆ ರೂಪುಗೊಂಡಿತು. ಇಷ್ಟಾದರೂ 2013ರಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಗ್ರಾಮದ ಶಾಲೆಯಲ್ಲಿ ಬಿಸಿಯೂಟ ಮಾಡಿದ 23 ಮಕ್ಕಳು ಮೃತಪಟ್ಟರು. ಅಡುಗೆಯಲ್ಲಿ ಮೊನೊಕ್ರೋಟೋಫಾಸ್ ಸೇರಿತ್ತು. ಎಣ್ಣೆಯನ್ನು ಕೀಟನಾಶಕದ ಡಬ್ಬಿಯಲ್ಲಿ ಇಟ್ಟಿದ್ದುದು ತನಿಖೆಯಲ್ಲಿ ಕಂಡುಬಂದಿತು. ಖಾಲಿ ಡಬ್ಬಿಯನ್ನು ಎಷ್ಟು ತೊಳೆದರೂ ಅದು ಆಹಾರಕ್ಕೆ ಯೋಗ್ಯವಾಗುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಡಬ್ಬಿಯ ಮೇಲಿನ ಬಣ್ಣದ ತ್ರಿಕೋನ ವಿಷದ ತೀವ್ರತೆಯನ್ನು ತಿಳಿಸುತ್ತದೆ. ಕೆಂಪು ಎಂದರೆ ಅತ್ಯಂತ ತೀವ್ರ ವಿಷ. ನಂತರದ್ದು ಹಳದಿ, ಆಮೇಲೆ ನೀಲಿ, ಕೊನೆಯದು ಹಸಿರು. ಹಸಿರು ತ್ರಿಕೋನವಿದ್ದರೂ ಅದು ವಿಷವೇ. ಔಷಧಿಯನ್ನು ಅದರ ಮೂಲ ಡಬ್ಬಿಯಲ್ಲಿಯೇ, ವಾಸದ ಮನೆಯಿಂದ ಬೇರೆಯಾದ ಜಾಗದಲ್ಲಿ, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡಬೇಕು. ತಂಪು ಪಾನೀಯದ ಬಾಟಲಿಗೆ ಎಂದಿಗೂ ಸುರಿದಿಡಬಾರದು. ಬೇಕಾದಷ್ಟನ್ನೇ ಕೊಂಡರೆ ಮನೆಯಲ್ಲಿ ಉಳಿಯುವ ಪ್ರಶ್ನೆಯೇ ಬರುವುದಿಲ್ಲ. ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪರಣಾ ಟ್ಯಾಂಕಿಗೇ ಸುರಿದು, ಡಬ್ಬಿಗೆ ತೂತು ಮಾಡಿ ಯಾರೂ ಬಳಸದಂತೆ ಮಾಡಬೇಕು. ಸಿಂಪರಣೆಯಾದ ಕೂಡಲೇ ಬಟ್ಟೆ ಬದಲಿಸಿ, ಸೋಪು ಹಚ್ಚಿ ಸ್ನಾನ ಮಾಡಿದ ಮೇಲೆಯೇ ಮಗುವನ್ನು ಎತ್ತಿಕೊಳ್ಳಬೇಕು. ಆ ಬಟ್ಟೆಯನ್ನು ಮನೆಯ ಇತರ ಬಟ್ಟೆಗಳೊಡನೆ ಒಗೆಯಬಾರದು.

ಹಿಂದೆ ಅವರೆ, ತೊಗರಿ ಕಾಳಿಗೆ ಬಿ.ಎಚ್.ಸಿ. ಪುಡಿ ಬೆರೆಸುವ ಅಭ್ಯಾಸವಿತ್ತು. ಆ ಪುಡಿಯನ್ನು 1997ರಲ್ಲಿಯೇ ನಿಷೇಧಿಸಲಾಗಿದೆ. ಫೋರೇಟ್, ಡೈಕ್ಲೋರ್‌ವಾಸ್ ಬಳಕೆಯೂ 2020ರ ಕೊನೆಯಿಂದ ನಿಂತಿದೆ. ಹಳೆಯ ದಾಸ್ತಾನು ಮನೆಯಲ್ಲಿ ಉಳಿದಿದ್ದರೆ ಅದನ್ನು ಬಳಸದೆ, ಬಾವಿ ಕೆರೆಗೆ ಎಸೆಯದೆ, ರೈತ ಸಂಪರ್ಕ ಕೇಂದ್ರದವರ ಸಲಹೆ ಪಡೆಯಬೇಕು. ಧಾನ್ಯಕ್ಕೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯಿಂದ ಹೊರಡುವ ಅನಿಲ ಪಕ್ಕದ ಕೋಣೆಯಲ್ಲಿ ಮಲಗಿದವರನ್ನೂ ಕೊಲ್ಲಬಲ್ಲದು. ವಾಸದ ಮನೆಯಲ್ಲಿ ಅದನ್ನು ಬಳಸಲೇಕೂಡದು. ರಾಗಿಗೆ ಹುಳು ಹಿಡಿಯುವುದೇ ಕಡಿಮೆ. ಚೆನ್ನಾಗಿ ಒಣಗಿಸಿದ ರಾಗಿಗೆ ಯಾವ ಪುಡಿಯೂ ಬೇಕಿಲ್ಲ. ಬೇಳೆಕಾಳುಗಳನ್ನು ಬಿಸಿಲಿಗೆ ಹಾಕಿ, ಆರಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ತುಂಬಿಡಬಹುದು.

ತರಕಾರಿ, ದ್ರಾಕ್ಷಿಯನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆದರೆ ಮೇಲ್ಭಾಗದ ವಿಷ ಸಾಕಷ್ಟು ಹೋಗುತ್ತದೆ. ಆದರೆ ಗಿಡದ ಒಳಗೆ ಹರಡುವ ಅಂತರ್ವ್ಯಾಪಿ ಕೀಟನಾಶಕ ತೊಳೆದರೆ ಹೋಗುವುದಿಲ್ಲ. ಸಿಂಪರಣೆಗೂ ಕೊಯ್ಲಿಗೂ ನಡುವೆ ಡಬ್ಬಿಯ ಮೇಲೆ ಸೂಚಿಸಿರುವಷ್ಟು ದಿನ ಕಾಯುವುದೇ ಇದಕ್ಕೆ ಸರಿಯಾದ ಉಪಾಯ. ಮನೆ ಬಳಕೆಗೆಂದು ಔಷಧಿ ಹೊಡೆಯದ ನಾಲ್ಕು ಸಾಲು ಬೇರೆ ಬಿಡುವವರು, ಸಂತೆಗೆ ಕಳುಹಿಸುವ ಕಾಯಿಯನ್ನೂ ಯಾರದೋ ಮನೆಯ ಮಕ್ಕಳು ತಿನ್ನುತ್ತಾರೆ ಎಂಬುದನ್ನು ನೆನೆಯಬೇಕು.

2. ಹುಳು ಮನೆಯ ಸೋಂಕು ನಿವಾರಕಗಳು

ರೋಗ ಬಾರದಂತೆ ಹುಳು ಮನೆಗೆ ಫಾರ್ಮಲಿನ್, ಬ್ಲೀಚಿಂಗ್ ಪುಡಿ ಮುಂತಾದವನ್ನು ಸಿಂಪಡಿಸುವುದು ಅಗತ್ಯವೇ. ಆದರೆ ಫಾರ್ಮಲಿನ್ ಆವಿ ಕಣ್ಣು, ಮೂಗು, ಶ್ವಾಸಕೋಶಗಳನ್ನು ಸುಡುತ್ತದೆ. ಅದರಲ್ಲಿರುವ ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ನಿರ್ಧರಿಸಿದೆ. ವಾಸದ ಮನೆಯಲ್ಲಿಯೇ ಹುಳು ಸಾಕುವವರು ಸಿಂಪರಣೆಯ ದಿನ ಮಕ್ಕಳು, ಗರ್ಭಿಣಿಯರು ಮತ್ತು ಉಬ್ಬಸದವರನ್ನು ಬೇರೆ ಕಡೆ ಮಲಗಿಸಬೇಕು. ಬಾಗಿಲು ತೆರೆದು ಗಾಳಿಯಾಡಿಸಿ, ವಾಸನೆ ಪೂರ್ತಿ ಹೋದ ಮೇಲೆ ಒಳಗೆ ಬರಬೇಕು. ಬ್ಲೀಚಿಂಗ್ ಪುಡಿಯನ್ನು ಕಕ್ಕಸು ತೊಳೆಯುವ ಆಸಿಡ್‌ನೊಡನೆ ಬೆರೆಸಿದರೆ ಕ್ಲೋರಿನ್ ಎಂಬ ವಿಷಾನಿಲ ಹೊರಡುತ್ತದೆ. ಎರಡನ್ನೂ ಒಟ್ಟಿಗೆ ಎಂದೂ ಬಳಸಬಾರದು. ಸಾಧ್ಯವಿರುವವರು ಹುಳು ಮನೆಯನ್ನು ಬೇರೆಯಾಗಿಯೇ ಕಟ್ಟಿಕೊಳ್ಳುವುದು ಹುಳುವಿಗೂ ಒಳ್ಳೆಯದು, ಮನೆಯವರಿಗೂ ಒಳ್ಳೆಯದು.

3. ಕಡಲೆಕಾಯಿ, ಮುಸುಕಿನ ಜೋಳದ ಬೂಷ್ಟು

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಸತ್ತವು. ಅವುಗಳ ಮೇವಿನಲ್ಲಿದ್ದ ಕಡಲೆಕಾಯಿ ಹಿಂಡಿಗೆ ಬೂಷ್ಟು ಹಿಡಿದಿತ್ತು. ಆ ಬೂಷ್ಟಿನ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರು. 1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮುಸುಕಿನ ಜೋಳ ತಿಂದು ಯಕೃತ್ತು ಕೆಟ್ಟು ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಸ್ವಲ್ಪಸ್ವಲ್ಪವಾಗಿ ವರ್ಷಗಟ್ಟಲೆ ದೇಹ ಸೇರಿದರೆ ಇದು ಯಕೃತ್ತಿನ ಕ್ಯಾನ್ಸರಿಗೆ ದಾರಿ ಮಾಡುತ್ತದೆ. ಹುರಿದರೂ ಬೇಯಿಸಿದರೂ ಈ ವಿಷ ಪೂರ್ತಿ ನಾಶವಾಗುವುದಿಲ್ಲ.

ಕಡಲೆಕಾಯಿಯನ್ನು ಕಿತ್ತ ಕೂಡಲೇ, ಅಲ್ಲಾಡಿಸಿದರೆ ಒಳಗಿನ ಬೀಜ ಸದ್ದು ಮಾಡುವಷ್ಟು ಒಣಗಿಸಬೇಕು. ಕಾಯಿ ಬಿಡಿಸಲು ಸುಲಭವಾಗಲೆಂದು ನೀರು ಚಿಮುಕಿಸುವ ಅಭ್ಯಾಸವನ್ನು ಬಿಡಬೇಕು. ಬೂಷ್ಟಿಗೆ ಆ ತೇವವೇ ಸಾಕು. ಮುರಿದ, ಮುದುಡಿದ, ಬಣ್ಣಗೆಟ್ಟ ಬೀಜಗಳನ್ನು ಆರಿಸಿ ಬಿಸಾಡಬೇಕು. ಇವನ್ನು ‘ಎಣ್ಣೆಗಾದರೂ ಆಗುತ್ತದೆ’ ಎಂದು ಗಾಣಕ್ಕೆ ಕೊಡಬಾರದು. ‘ಹಸುವಿಗಾದರೂ ಆಗುತ್ತದೆ’ ಎಂದು ಕೊಟ್ಟಿಗೆಗೂ ಹಾಕಬಾರದು. ಹಸು ತಿಂದ ಅಫ್ಲಾಟಾಕ್ಸಿನ್‌ನ ಒಂದಂಶ ಹಾಲಿಗೆ ಇಳಿಯುತ್ತದೆ. ಆ ಹಾಲು ಡೇರಿಗೂ ಹೋಗುತ್ತದೆ, ಮನೆಯ ಮಗುವಿನ ಲೋಟಕ್ಕೂ ಬರುತ್ತದೆ.

4. ಕೊಳವೆ ಬಾವಿಯ ನೀರು

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಸಾವಿರ ಅಡಿಗೂ ಆಳದ ಕೊಳವೆ ಬಾವಿಗಳು ಸಾಮಾನ್ಯವಾಗಿವೆ. ಕಲ್ಲಿನ ಪದರಗಳಲ್ಲಿ ಬಹುಕಾಲ ನಿಂತ ನೀರಿನಲ್ಲಿ ಫ್ಲೋರೈಡ್ ಕರಗಿರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂಗಿಂತ ಹೆಚ್ಚು ಇರಬಾರದು. ಬೇರೆ ನೀರೇ ಇಲ್ಲದ ಕಡೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ಹೆಚ್ಚಾದರೆ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳು ಮೂಡುತ್ತವೆ. ದೊಡ್ಡವರಲ್ಲಿ ಕೀಲು ಬಿಗಿದು, ಬೆನ್ನು ಬಾಗುತ್ತದೆ. ಹೀಗೆ ಬಾಗಿದ ಮೂಳೆ ಮತ್ತೆ ನೇರವಾಗುವುದಿಲ್ಲ.

ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನೀರನ್ನು ಕುದಿಸಿದರೆ ಅದು ಹೋಗುವುದಿಲ್ಲ. ನೀರು ಇಂಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಆದ್ದರಿಂದ ಗ್ರಾಮ ಪಂಚಾಯಿತಿಯ ಮೂಲಕ ನೀರಿನ ಪರೀಕ್ಷೆ ಮಾಡಿಸುವುದೇ ಮೊದಲ ಹೆಜ್ಜೆ. ಕುಡಿಯಲು ಮಾತ್ರವಲ್ಲದೆ ಅಡುಗೆಗೂ ಶುದ್ಧ ನೀರಿನ ಘಟಕದ ನೀರನ್ನೇ ಬಳಸಬೇಕು. ಶುಚಿಯಾದ ಛಾವಣಿಯಿಂದ ಹಿಡಿದ ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಮೊದಲ ಮಳೆಯನ್ನು ಹರಿಯಬಿಟ್ಟು, ನಂತರದ್ದನ್ನು ಮುಚ್ಚಿದ ತೊಟ್ಟಿಯಲ್ಲಿ ಸಂಗ್ರಹಿಸಿ, ಸೋಸಿ ಕುದಿಸಿ ಬಳಸಬಹುದು. ಕಾರ್ಖಾನೆಗಳಿಂದ ಬರುವ ಹಳೆಯ ನೀಲಿ ಡ್ರಮ್ಮುಗಳು ಅಗ್ಗವಾಗಿ ಸಿಗುತ್ತವೆಂದು ಕೊಂಡು ಕುಡಿಯುವ ನೀರು ತುಂಬಬಾರದು. ಅವುಗಳಲ್ಲಿ ಹಿಂದೆ ಏನಿತ್ತೆಂದು ಮಾರುವವನಿಗೂ ತಿಳಿದಿರುವುದಿಲ್ಲ.

5. ಹೊಗೆ

ಅಡುಗೆಗೆ ಗ್ಯಾಸ್ ಬಂದಿದ್ದರೂ ಸ್ನಾನದ ಹಂಡೆಗೆ ಸೌದೆಯೇ ಹೆಚ್ಚು. ಒಲೆ ಹೊತ್ತಿಸಲು ಪ್ಲಾಸ್ಟಿಕ್ ಕವರು, ಹಾಲಿನ ಪೊಟ್ಟಣ, ಹಳೆಯ ಟೈರಿನ ತುಂಡು ಹಾಕುವುದು ಅನೇಕ ಮನೆಗಳಲ್ಲಿ ಕಂಡುಬರುತ್ತದೆ. ಇವುಗಳ ಹೊಗೆಯಲ್ಲಿ ಸೌದೆಯ ಹೊಗೆಗಿಂತ ಕೆಟ್ಟ ವಿಷಗಳಿರುತ್ತವೆ. ಒಣಗಿದ ಹಿಪ್ಪುನೇರಳೆ ಕಡ್ಡಿ, ತೆಂಗಿನ ಗರಿಗಳೇ ಸಾಕು. ಒಲೆಗೆ ಹೊಗೆ ಕೊಳವೆ ಇರಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ಈ ತತ್ವದ ಮೇಲೆಯೇ ನಿಂತಿದೆ. ಚಳಿಗಾಲದಲ್ಲಿ ಹುಳುವಿಗೆ ಬೆಚ್ಚಗಿರಲೆಂದು ಇದ್ದಿಲ ಕೆಂಡ ಇಟ್ಟ ಕೋಣೆಯಲ್ಲಿ ಬಾಗಿಲು ಮುಚ್ಚಿ ಯಾರೂ ಮಲಗಬಾರದು. ಇದ್ದಿಲಿನಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ನಿದ್ರೆಯಲ್ಲಿಯೇ ಪ್ರಾಣ ತೆಗೆಯುತ್ತದೆ.

ದೇಹದ ಸಹಜ ರಕ್ಷಣೆ

ಇಷ್ಟೆಲ್ಲ ಎಚ್ಚರ ವಹಿಸಿದರೂ ಅಲ್ಪಸ್ವಲ್ಪ ವಿಷ ದೇಹ ಸೇರುವುದು ತಪ್ಪುವುದಿಲ್ಲ. ಅದನ್ನು ನಿಭಾಯಿಸಲು ದೇಹದಲ್ಲಿ ಏರ್ಪಾಡಿದೆ. ಯಕೃತ್ತು ವಿಷವನ್ನು ನೀರಿನಲ್ಲಿ ಕರಗುವ ರೂಪಕ್ಕೆ ಮಾರ್ಪಡಿಸುತ್ತದೆ. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಒಂದೂವರೆ ಲೀಟರಿನಷ್ಟನ್ನು ಮೂತ್ರವಾಗಿ ಹೊರಹಾಕುತ್ತವೆ. ಮಲದ ಮೂಲಕವೂ ಕೆಲವು ಹೊರಹೋಗುತ್ತವೆ.

ಈ ಕೆಲಸವನ್ನು ಒಂದು ವಾರದಲ್ಲಿ ಮಾಡಿಮುಗಿಸುವ ಪುಡಿ, ಕಷಾಯ, ಬೇಧಿ ಔಷಧಿ ಯಾವುದೂ ಇಲ್ಲ. ಹಾಗೆಂದು ಹೇಳಿ ಮಾರುವ ಹೆಸರಿಲ್ಲದ ಭಸ್ಮಗಳಲ್ಲಿ ಸೀಸ, ಪಾದರಸಗಳೇ ಇರುವ ಸಂಭವವುಂಟು. ದೇಹಕ್ಕೆ ಬೇಕಾದುದು ಒಳ್ಳೆಯ ಊಟ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣಾಂಶವಿದೆ. ಸುಣ್ಣಾಂಶ ಸಾಕಷ್ಟಿದ್ದರೆ ಕರುಳಿನಲ್ಲಿ ಫ್ಲೋರೈಡ್ ಹೀರಿಕೆ ತಗ್ಗುತ್ತದೆ. ರಾಗಿ ಮುದ್ದೆಯ ಜೊತೆಗೆ ನುಗ್ಗೆ, ದಂಟು ಮೊದಲಾದ ಸೊಪ್ಪಿನ ಸಾರು, ಅವರೆ, ಹುರುಳಿ, ಮೊಟ್ಟೆ ಅಥವಾ ಹಾಲು, ನೆಲ್ಲಿಕಾಯಿ, ಸೀಬೆಹಣ್ಣು ಇದ್ದರೆ ಯಕೃತ್ತಿಗೂ ಮೂಳೆಗೂ ಬೇಕಾದ ಪೋಷಕಾಂಶಗಳು ಬಹುಮಟ್ಟಿಗೆ ದೊರೆಯುತ್ತವೆ. ಹೊಲದ ಕೆಲಸದ ದಿನ ಶುದ್ಧ ನೀರನ್ನು ಧಾರಾಳವಾಗಿ ಕುಡಿಯಬೇಕು. ಹೆಂಡ, ಸಾರಾಯಿಗಳು ವಿಷ ಕಳೆಯುವ ಯಕೃತ್ತನ್ನೇ ಕೆಡಿಸುತ್ತವೆ. ಸಿಂಪರಣೆ ನಡುವೆ ಬೀಡಿ ಸೇದುವುದು, ಎಲೆ ಅಡಿಕೆ ಹಾಕುವುದು ಎಂದರೆ ಕೈಯ ವಿಷವನ್ನು ಬಾಯಿಗಿಟ್ಟಂತೆ.

ವಿಷ ತಗುಲಿದಾಗ

ಸಿಂಪರಣೆಯ ನಂತರ ತಲೆಸುತ್ತು, ವಾಂತಿ, ಅತಿಯಾದ ಬೆವರು, ಜೊಲ್ಲು, ಕಣ್ಣು ಮಂಜಾಗುವುದು ಕಂಡರೆ ತಡಮಾಡಬಾರದು. ರೋಗಿಯನ್ನು ಗಾಳಿಗೆ ತಂದು, ಬಟ್ಟೆ ಕಳಚಿ, ಮೈಯನ್ನು ಸೋಪಿನಿಂದ ತೊಳೆಯಬೇಕು. ವಿಷ ಕುಡಿದವರಿಗೆ ಉಪ್ಪು ನೀರು, ಹುಣಸೆ ನೀರು ಕುಡಿಸಿ ವಾಂತಿ ಮಾಡಿಸಬಾರದು. ಅದು ಶ್ವಾಸಕೋಶಕ್ಕೆ ಇಳಿದು ಅಪಾಯ ಹೆಚ್ಚುತ್ತದೆ. 108ಕ್ಕೆ ಕರೆ ಮಾಡಿ, ಔಷಧಿಯ ಡಬ್ಬಿಯನ್ನು ಅಥವಾ ಚೀಟಿಯನ್ನು ಜೊತೆಯಲ್ಲಿಯೇ ಒಯ್ಯಬೇಕು. ಯಾವ ವಿಷವೆಂದು ತಿಳಿದರೆ ವೈದ್ಯರು ಕೂಡಲೇ ಸರಿಯಾದ ಚಿಕಿತ್ಸೆ ಪ್ರಾರಂಭಿಸಬಹುದು.

ನೆನಪಿನಲ್ಲಿಡಬೇಕಾದ ಅಂಶಗಳು

• ಔಷಧಿ ಡಬ್ಬಿಗೆ ಮನೆಯ ಹೊರಗೆ ಬೀಗ ಹಾಕಿದ ಜಾಗ; ಖಾಲಿ ಡಬ್ಬಿಗೆ ತೂತು.
• ಸಿಂಪರಣೆಯಾದ ಮೇಲೆ ಮೊದಲು ಸ್ನಾನ, ಆಮೇಲೆ ಊಟ.
• ಬೂಷ್ಟು ಹಿಡಿದ ಕಾಳು ಮನುಷ್ಯರಿಗೂ ಬೇಡ, ದನಕ್ಕೂ ಬೇಡ.
• ಕೊಳವೆ ಬಾವಿಯ ನೀರಿಗೆ ಫ್ಲೋರೈಡ್ ಪರೀಕ್ಷೆ.
• ಹಂಡೆ ಒಲೆಗೆ ಪ್ಲಾಸ್ಟಿಕ್ ಬೇಡ; ಕೆಂಡವಿಟ್ಟ ಮುಚ್ಚಿದ ಕೋಣೆಯಲ್ಲಿ ನಿದ್ರೆ ಬೇಡ.

ಇವುಗಳಲ್ಲಿ ಬಹುಪಾಲು ಕೆಲಸಗಳಿಗೆ ಹಣ ಖರ್ಚಿಲ್ಲ. ವಿಸ್ತರಣಾ ಕಾರ್ಯಕರ್ತರು ಗ್ರಾಮ ಸಭೆಗಳಲ್ಲಿ, ಸ್ತ್ರೀಶಕ್ತಿ ಸಂಘಗಳಲ್ಲಿ ಈ ವಿಷಯಗಳನ್ನು ಚರ್ಚಿಸಿದರೆ ಹೆಚ್ಚು ಪ್ರಯೋಜನವಾಗುವುದು. ಮನೆಯಲ್ಲಿ ಯಾವುದನ್ನು ಎಲ್ಲಿಡಬೇಕೆಂದು ಗೊತ್ತುಮಾಡುವವರು ಹೆಣ್ಣುಮಕ್ಕಳು. ಹೆಚ್ಚಿನ ಮಾಹಿತಿಗೆ ರೈತ ಬಾಂಧವರು ಹತ್ತಿರದ ರೈತ ಸಂಪರ್ಕ ಕೇಂದ್ರವನ್ನಾಗಲಿ, ಚಿಂತಾಮಣಿಯ ಕುರುಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ಸಂಪರ್ಕಿಸಬಹುದು.