ಸೈನ್ಯದ ಕರೆ ಬರುವ ಮುನ್ನ

ಅಮೇರಿಕಾದಲ್ಲಿರುವ ಮಗಳ ಮನೆಯಲ್ಲಿ ಕೆಲವು ತಿಂಗಳಿದ್ದು ಮರಳಿ ಬಂದ ತಾಯಿಯೊಬ್ಬರು ಭಾನುವಾರದ ಬಲಿಪೂಜೆಯ ನಂತರ ನನ್ನನ್ನು ತಡೆದು ನಿಲ್ಲಿಸಿದರು. ಅವರು ಅಲ್ಲಿದ್ದಾಗಲೇ ಮೊಮ್ಮಗನಿಗೆ ಹದಿನೆಂಟು ತುಂಬಿತ್ತು. ಹುಟ್ಟುಹಬ್ಬದ ಸುತ್ತಮುತ್ತ ಸರಕಾರದಿಂದ ಒಂದು ಕಾಗದವೂ ಬಂದಿತ್ತು. ಯುದ್ಧಕಾಲಕ್ಕೆಂದು ಇಟ್ಟಿರುವ ಪಟ್ಟಿಯಲ್ಲಿ ಅವನ ಹೆಸರು ದಾಖಲಾಗಬೇಕು ಎಂದು. "ಫಾದರ್, ಯುದ್ಧ ಬಂದರೆ ನಮ್ಮ ಹುಡುಗನನ್ನು ಹಿಡ್ಕೊಂಡು ಹೋಗ್ತಾರಾ? ಹೋದರೆ ಪಾಪವಾ, ಹೋಗಲ್ಲ ಅಂದರೆ ಪಾಪವಾ?" ಎಂದು ಕೇಳಿದರು.

ದೇವಾಲಯದ ಮೆಟ್ಟಿಲ ಮೇಲೆ ನಿಂತು ಹೇಳಿ ಮುಗಿಸುವ ಉತ್ತರ ಇದಲ್ಲ. ನಮ್ಮ ಧರ್ಮಕೇಂದ್ರಗಳಲ್ಲಿ ಮಕ್ಕಳು ಮೊಮ್ಮಕ್ಕಳು ಹೊರದೇಶದಲ್ಲಿ ನೆಲೆಸಿರುವ ಕುಟುಂಬಗಳು ಈಗ ಬಹಳ. ಆದುದರಿಂದ ಆ ತಾಯಿಗೆ ಆಮೇಲೆ ಕುಳಿತು ಹೇಳಿದ್ದನ್ನು ಇಲ್ಲಿಯೂ ಬರೆಯುತ್ತಿದ್ದೇನೆ.

ಮೊದಲು ಕಾನೂನಿನ ಮಾತು. ಅಮೇರಿಕಾದಲ್ಲಿ ಯುವಕರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸಿಕೊಳ್ಳುವ ಪದ್ಧತಿ, ಅಂದರೆ ಡ್ರಾಫ್ಟ್, 1973ರಲ್ಲೇ ನಿಂತಿತು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಸುಮಾರು 18 ಲಕ್ಷ ಯುವಕರನ್ನು ಹೀಗೆ ಸೇರಿಸಿಕೊಂಡಿದ್ದರು. ಅಂದಿನಿಂದ ಅಲ್ಲಿನ ಸೈನ್ಯದಲ್ಲಿರುವವರು ಸ್ವಂತ ಇಚ್ಛೆಯಿಂದ ಸೇರಿದವರು. ಆದರೂ ಹೆಸರಿನ ಪಟ್ಟಿ ಉಳಿದಿದೆ. ಸೋವಿಯತ್ ಪಡೆಗಳು ಅಫ್ಘಾನಿಸ್ತಾನವನ್ನು ಹೊಕ್ಕ ಮೇಲೆ, ನಡುವೆ ನಿಂತುಹೋಗಿದ್ದ ದಾಖಲಾತಿಯನ್ನು 1980ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಮತ್ತೆ ಆರಂಭಿಸಿದರು. 18ರಿಂದ 25 ವರ್ಷದ ಗಂಡುಮಕ್ಕಳು ಇದಕ್ಕೆ ಒಳಪಡುತ್ತಾರೆ. ಅಲ್ಲಿನ ಪೌರರು ಮಾತ್ರವಲ್ಲ, ಗ್ರೀನ್ ಕಾರ್ಡ್ ಪಡೆದು ನೆಲೆಸಿದವರೂ ಒಳಪಡುತ್ತಾರೆ. ಹೆಸರು ದಾಖಲಿಸದವರಿಗೆ ಮುಂದೆ ಪೌರತ್ವ ಪಡೆಯುವಾಗ ತೊಡಕಾಗಬಹುದು. ವಿದ್ಯಾರ್ಥಿ ವೀಸಾದ ಮೇಲೆ ಓದಲು ಹೋದವರಿಗೆ, ಆ ವೀಸಾ ಸಿಂಧುವಾಗಿರುವ ತನಕ, ಇದು ಅನ್ವಯಿಸುವುದಿಲ್ಲ. ಇನ್ನು ಮುಂದೆ ಹುಡುಗನೇ ಅರ್ಜಿ ತುಂಬುವ ಬದಲು ಸರಕಾರವೇ ತನ್ನ ಕಡತಗಳಿಂದ ಹೆಸರು ತೆಗೆದುಕೊಳ್ಳುವ ಏರ್ಪಾಡಿಗೆ 2025ರ ಡಿಸೆಂಬರಿನಲ್ಲಿ ಕಾಯಿದೆಯಾಯಿತು.

ಪಟ್ಟಿಯಲ್ಲಿ ಹೆಸರು ಇದ್ದ ಮಾತ್ರಕ್ಕೆ ಸೈನ್ಯಕ್ಕೆ ಸೇರಿದಂತಲ್ಲ. ಡ್ರಾಫ್ಟ್ ಮತ್ತೆ ಬರಬೇಕಾದರೆ ಅಲ್ಲಿನ ಸಂಸತ್ತು ಹೊಸ ಕಾಯಿದೆ ಮಾಡಬೇಕು, ಅಧ್ಯಕ್ಷರು ಸಹಿ ಹಾಕಬೇಕು. ಆಮೇಲೆ ಹುಟ್ಟಿದ ದಿನಾಂಕಗಳ ಚೀಟಿ ಎತ್ತುತ್ತಾರೆ. ಆ ವರ್ಷ ಇಪ್ಪತ್ತು ತುಂಬುವವರನ್ನು ಮೊದಲು ಕರೆಯುತ್ತಾರೆ, ಆಮೇಲೆ ಅವರಿಗಿಂತ ದೊಡ್ಡವರನ್ನು, ಹದಿನೆಂಟು ಹತ್ತೊಂಬತ್ತರವರನ್ನು ಕೊನೆಗೆ. ಇಷ್ಟು ಕೇಳಿದ ಮೇಲೆ ಆ ಅಜ್ಜಿಯ ಮುಖ ಸ್ವಲ್ಪ ಸಡಿಲವಾಯಿತು.

ಹಾಗಾದರೆ ಈ ಮಾತು ಮತ್ತೆ ಮತ್ತೆ ಏಳುವುದು ಏಕೆ? ಸೇರುವವರು ಕಡಿಮೆಯಾದುದರಿಂದ. 2022ರಲ್ಲಿ ಅಮೇರಿಕಾದ ಭೂಸೇನೆಗೆ 60,000 ಹೊಸಬರು ಬೇಕಾಗಿದ್ದರು. 15,000 ಕೊರತೆ ಬಿತ್ತು. ಕೆಲವರಿಗೆ 50,000 ಡಾಲರುಗಳವರೆಗೆ ಬೋನಸ್ ಕೊಡುತ್ತೇವೆಂದರೂ ಜನ ಸಾಲಲಿಲ್ಲ. ನಮ್ಮಲ್ಲಿ ಸೈನ್ಯದ ಭರ್ತಿ ನಡೆಯುವ ಊರಿಗೆ ಹಿಂದಿನ ರಾತ್ರಿಯೇ ಹೋಗಿ ಮೈದಾನದ ಬಳಿ ಮಲಗುವ ಹುಡುಗರನ್ನು ಕಂಡವರಿಗೆ ಇದು ವಿಚಿತ್ರವೆನಿಸೀತು. ಅಲ್ಲಿ ಹೊರಗೆ ಕೆಲಸ ಸುಲಭವಾಗಿ ಸಿಗುತ್ತಿತ್ತು; ಸ್ಥೂಲಕಾಯ, ಮಾದಕ ವಸ್ತು, ಅನಾರೋಗ್ಯ ಮುಂತಾದ ಕಾರಣಗಳಿಂದ ವಿನಾಯಿತಿ ಇಲ್ಲದೆ ಸೇರಲು ಅರ್ಹರಾದ ಯುವಜನರು ನೂರಕ್ಕೆ 23 ಮಾತ್ರ ಎಂದು ರಕ್ಷಣಾ ಇಲಾಖೆಯ ಅಧ್ಯಯನವೇ ತಿಳಿಸಿತ್ತು. ದೇಹದಲ್ಲೋ ಓದಿನಲ್ಲೋ ಹಿಂದುಳಿದವರನ್ನು ತಯಾರು ಮಾಡಲು 2022ರಲ್ಲಿ ಒಂದು ಪೂರ್ವಶಿಕ್ಷಣವನ್ನು ಆರಂಭಿಸಿದರು. 2024 ಮತ್ತು 2025ರಲ್ಲಿ ಭೂಸೇನೆ ತನ್ನ ಗುರಿಯನ್ನು ಮುಟ್ಟಿತು. ಆದರೆ ಇದು ಶಾಂತಿಕಾಲದ ಲೆಕ್ಕ. ದೀರ್ಘ ಯುದ್ಧ ಬಂದರೆ ಲೆಕ್ಕ ಹೇಗೆ ಬದಲಾಗುತ್ತದೆಂಬುದನ್ನು ಉಕ್ರೇನಿನಲ್ಲಿ ನೋಡಿದ್ದೇವೆ. ಅಲ್ಲಿ 2024ರಲ್ಲಿ ಯುದ್ಧಕ್ಕೆ ಕರೆಯುವ ವಯಸ್ಸನ್ನು 27ರಿಂದ 25ಕ್ಕೆ ಇಳಿಸಬೇಕಾಯಿತು.

ಹಣದಿಂದ ಸೈನಿಕರನ್ನು ಸೆಳೆದರೆ ಬಡವರ ಮಕ್ಕಳೇ ಹೋಗುತ್ತಾರೆ, ಡ್ರಾಫ್ಟ್ ಇದ್ದರೆ ಸಿರಿವಂತನ ಮಗನೂ ಹೋಗಬೇಕಾಗುತ್ತದೆ, ಆಗ ಯುದ್ಧಕ್ಕೆ ಇಳಿಯುವ ಮುನ್ನ ನಾಯಕರು ಯೋಚಿಸುತ್ತಾರೆ ಎಂದು ವಾದಿಸುವವರಿದ್ದಾರೆ. ಮಾತಿನಲ್ಲಿ ನ್ಯಾಯವಿದೆ. ಆದರೆ ವಿಯೆಟ್ನಾಂ ಕಾಲದಲ್ಲಿ ಡ್ರಾಫ್ಟ್ ಇದ್ದಾಗಲೂ ಕಾಲೇಜಿಗೆ ಹೋಗಲು ಶಕ್ತಿಯಿದ್ದವರಿಗೆ ವಿನಾಯಿತಿ ಸಿಗುತ್ತಿತ್ತು. ಆದ್ದರಿಂದ ಆ ವಾದವನ್ನು ನಾನು ಅರ್ಧ ಮಾತ್ರ ನಂಬುತ್ತೇನೆ.

ಈಗ ಪವಿತ್ರ ಗ್ರಂಥವನ್ನು ತೆರೆಯೋಣ. ಇಸ್ರಯೇಲರು ನಮಗೊಬ್ಬ ಅರಸ ಬೇಕು ಎಂದು ಹಟ ಹಿಡಿದಾಗ ಪ್ರವಾದಿ ಸಮುವೇಲನು ಕೊಟ್ಟ ಮೊದಲ ಎಚ್ಚರಿಕೆಯೇ ಇದು: ಅವನು ನಿಮ್ಮ ಗಂಡುಮಕ್ಕಳನ್ನು ತೆಗೆದುಕೊಂಡು ತನ್ನ ರಥಗಳಿಗೂ ಕುದುರೆಗಳಿಗೂ ನೇಮಿಸುವನು (1 ಸಮುವೇಲ 8). ಧರ್ಮೋಪದೇಶಕಾಂಡದ 20ನೆಯ ಅಧ್ಯಾಯವು ಇನ್ನೊಂದು ರೀತಿಯದು. ಹೊಸ ಮನೆ ಕಟ್ಟಿ ಇನ್ನೂ ಪ್ರತಿಷ್ಠೆ ಮಾಡದವನು, ದ್ರಾಕ್ಷಿತೋಟ ಹಾಕಿ ಫಲ ಕಾಣದವನು, ಮದುವೆ ಗೊತ್ತಾಗಿರುವವನು ಯುದ್ಧಕ್ಕೆ ಬರಬೇಕಾಗಿಲ್ಲ. ಅಂಜುವವನೂ ಮನೆಗೆ ಹೋಗಬಹುದು. ಇದು ಕೇವಲ ಕಾಗದದ ನಿಯಮವಾಗಿರಲಿಲ್ಲ. ಯೂದ ಮಕ್ಕಬಿಯು ತನಗಿಂತ ಎಷ್ಟೋ ಪಾಲು ದೊಡ್ಡ ಸೈನ್ಯವನ್ನು ಎದುರಿಸಿ ನಿಂತಿದ್ದಾಗ, ತನ್ನ ಪಡೆ ಚಿಕ್ಕದೆಂದು ಗೊತ್ತಿದ್ದೂ ಅಂಥವರನ್ನು ಧರ್ಮಶಾಸ್ತ್ರದ ಪ್ರಕಾರ ಮನೆಗೆ ಕಳುಹಿಸಿದನೆಂದು ಮಕ್ಕಬಿಯರ ಮೊದಲನೆಯ ಗ್ರಂಥದ 3ನೆಯ ಅಧ್ಯಾಯದಲ್ಲಿದೆ. ಸೈನಿಕರ ಕೊರತೆ ಅವನಿಗಿದ್ದಷ್ಟು ಯಾರಿಗಿತ್ತು? ಆದರೂ ಮನೆ, ತೋಟ, ಮದುವೆಗಳ ಹಕ್ಕನ್ನು ಅವನು ಮುರಿಯಲಿಲ್ಲ.

ಹಾಗೆಂದು ಸೈನಿಕನಾಗುವುದೇ ತಪ್ಪೆಂದು ಶುಭಸಂದೇಶ ಹೇಳುವುದಿಲ್ಲ. ಸೈನಿಕರು ಬಂದು ಕೇಳಿದಾಗ ಸ್ನಾನಿಕ ಯೊವಾನ್ನನು ಕೆಲಸ ಬಿಡಿರೆನ್ನಲಿಲ್ಲ. ಯಾರನ್ನೂ ಸುಲಿಯಬೇಡಿ, ಸಂಬಳದಲ್ಲಿ ತೃಪ್ತರಾಗಿರಿ ಎಂದನು. ಪರಮಪ್ರಸಾದ ಸ್ವೀಕರಿಸುವ ಮುನ್ನ ನಾವೆಲ್ಲರೂ ಹೇಳುವ ಪ್ರಾರ್ಥನೆ ಮೊದಲು ಬಂದದ್ದು ಒಬ್ಬ ಶತಾಧಿಪತಿಯ ಬಾಯಿಂದ.

ಧರ್ಮಸಭೆಯ ಬೋಧನೆಯಲ್ಲೂ ಈ ಎರಡೂ ಇವೆ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ, ದೇಶಸೇವೆಯಲ್ಲಿರುವ ಸೈನಿಕರನ್ನು ಜನರ ಭದ್ರತೆ ಮತ್ತು ಸ್ವಾತಂತ್ರ್ಯದ ಸೇವಕರೆಂದು ಗೌರವಿಸಿತು. ಮನಸ್ಸಾಕ್ಷಿಯ ಕಾರಣದಿಂದ ಆಯುಧ ಹಿಡಿಯಲೊಲ್ಲದವರಿಗೆ ಕಾನೂನು ಮಾನವೀಯ ಏರ್ಪಾಡು ಮಾಡುವುದು ಸರಿಯೆಂದೂ, ಅವರು ಸಮಾಜಕ್ಕೆ ಬೇರೊಂದು ರೀತಿಯಲ್ಲಿ ಸೇವೆ ಸಲ್ಲಿಸಬೇಕೆಂದೂ ತಿಳಿಸಿತು. 1992ರ ಕೆಟೆಕಿಸಂ ಇದನ್ನೇ 2310 ಮತ್ತು 2311ನೆಯ ವಿಧಿಗಳಲ್ಲಿ ಹೇಳುತ್ತದೆ. ಯಾವ ಯುದ್ಧ ನ್ಯಾಯವಾದದ್ದೆಂದು ಅಳೆಯುವ ಕಟ್ಟುನಿಟ್ಟಾದ ಷರತ್ತುಗಳು 2309ರಲ್ಲಿವೆ. ಈಗಿನ ಆಯುಧಗಳ ಮುಂದೆ ಆ ಹಳೆಯ ಅಳತೆಗೋಲು ಹಿಡಿದು ನ್ಯಾಯಯುದ್ಧದ ಮಾತಾಡುವುದು ಬಹಳ ಕಷ್ಟ ಎಂದು ಪೋಪ್ ಫ್ರಾನ್ಸಿಸರು 2020ರಲ್ಲಿ ಬರೆದರು.

ತಂದೆತಾಯಿಯರಿಗಾಗಿ ಒಬ್ಬ ಹಳೆಯ ಸಂತನನ್ನು ನೆನಪಿಸುತ್ತೇನೆ. ಸಂತ ಮ್ಯಾಕ್ಸಿಮಿಲಿಯನ್ (ಆಶ್‌ವಿಟ್ಜ್‌ನ ಕೊಲ್ಬೆ ಅಲ್ಲ, ಇವನು ಬಹಳ ಹಿಂದಿನವನು) ಈಗಿನ ಅಲ್ಜೀರಿಯಾದ ತೆಬೆಸ್ಸಾದಲ್ಲಿ ಕ್ರಿ.ಶ. 295ರ ಮಾರ್ಚ್ 12ರಂದು ರೋಮನ್ ಅಧಿಕಾರಿಯ ಮುಂದೆ ನಿಂತನು. ವಯಸ್ಸು 21. ಅವನ ತಂದೆ ವಿಕ್ಟರನಿಗೆ ಸೈನ್ಯಕ್ಕೆ ಯುವಕರನ್ನು ಒದಗಿಸುವ ಹೊಣೆಯಿತ್ತು. ಮಗನಿಗೆಂದು ಹೊಸ ಉಡುಪನ್ನೂ ಸಿದ್ಧಪಡಿಸಿದ್ದನು. ಎತ್ತರ ಅಳೆದರು, ಕೊರಳಿಗೆ ಮುದ್ರೆ ಹಾಕಬೇಕೆಂದರು. ತಾನು ಕ್ರೈಸ್ತ, ಯುದ್ಧ ಮಾಡಲಾರೆ ಎಂದನು ಹುಡುಗ. ಚಕ್ರವರ್ತಿಯ ಅಂಗರಕ್ಷಕರಲ್ಲೇ ಕ್ರೈಸ್ತರಿದ್ದಾರಲ್ಲ ಎಂದು ಅಧಿಕಾರಿ ಕೇಳಿದಾಗ, ಅವರಿಗೆ ಯಾವುದು ಸರಿಯೋ ಅದು ಅವರಿಗೆ ಗೊತ್ತು ಎಂದನೇ ಹೊರತು ಅವರನ್ನು ದೂರಲಿಲ್ಲ. ಮಗನಿಗೆ ಬುದ್ಧಿ ಹೇಳೆಂದು ಅಧಿಕಾರಿ ತಂದೆಯ ಕಡೆಗೆ ತಿರುಗಿದನು. ಅವನಿಗೆ ತನ್ನದೇ ವಿವೇಕವಿದೆ ಎಂದು ತಂದೆ ಸುಮ್ಮನಾದನು. ಕೊಲೆಯಾಗುವ ಮುನ್ನ ಆ ಹೊಸ ಉಡುಪನ್ನು ತನ್ನ ತಲೆ ಕಡಿಯುವವನಿಗೆ ಕೊಡಿರೆಂದು ಹುಡುಗ ತಂದೆಯನ್ನು ಕೇಳಿಕೊಂಡನು. ತಾನೇ ಹೊಲಿಸಿದ ಉಡುಪು, ತಾನೇ ಸೇರಿಸಬೇಕಾಗಿದ್ದ ಮಗ. ವಿಕ್ಟರನು ಒಂದು ಮಾತಿನಿಂದಲೂ ಮಗನ ಮನಸ್ಸನ್ನು ಕದಲಿಸಲಿಲ್ಲ.

ನಮ್ಮ ಕಾಲಕ್ಕೆ ಹತ್ತಿರದವನು ಆಸ್ಟ್ರಿಯಾದ ರೈತ, ಪುನೀತ ಫ್ರಾನ್ಜ್ ಯೇಗರ್‌ಸ್ಟೆಟರ್. ಹಿಟ್ಲರನ ಯುದ್ಧ ಅನ್ಯಾಯವೆಂದು ಅವನಿಗೆ ಖಚಿತವಾಗಿತ್ತು. ಮೂವರು ಪುಟ್ಟ ಹೆಣ್ಣುಮಕ್ಕಳ ತಂದೆಯಾದ ಅವನಿಗೆ ಧರ್ಮಾಧ್ಯಕ್ಷರೇ ಕುಟುಂಬದ ಬಗ್ಗೆ ಯೋಚಿಸೆಂದು ಸಲಹೆಯಿತ್ತರು. ಗಾಯಾಳುಗಳ ಸೇವೆಗೆ ಸಿದ್ಧನಿದ್ದನು, ಆಯುಧಕ್ಕೆ ಅಲ್ಲ. 1943ರ ಆಗಸ್ಟ್ 9ರಂದು ಅವನ ತಲೆ ಕಡಿದರು. 2007ರಲ್ಲಿ ಧರ್ಮಸಭೆ ಅವನನ್ನು ಪುನೀತನೆಂದು ಘೋಷಿಸಿದಾಗ ಹೆಂಡತಿ ಫ್ರಾನ್ಜಿಸ್ಕಾ ಇನ್ನೂ ಜೀವಂತವಾಗಿದ್ದರು.

ಇಲ್ಲಿಯೇ ಆ ಮೊಮ್ಮಗನ ಕಷ್ಟವಿರುವುದು. ಅಮೇರಿಕಾದ ಕಾನೂನು ಮನಸ್ಸಾಕ್ಷಿಯನ್ನು ಗೌರವಿಸುತ್ತದೆ, ಆದರೆ ಎಲ್ಲ ಯುದ್ಧಗಳನ್ನೂ ವಿರೋಧಿಸುವವರ ಮನಸ್ಸಾಕ್ಷಿಯನ್ನು ಮಾತ್ರ. ಅಂಥವನು ಆಯುಧವಿಲ್ಲದೆ ಸೈನ್ಯದಲ್ಲಿ ದುಡಿಯಬಹುದು, ಇಲ್ಲವೆ ಆಸ್ಪತ್ರೆ ಮೊದಲಾದ ಕಡೆ ಬದಲಿ ಸೇವೆ ಮಾಡಬಹುದು. 'ಈ ಯುದ್ಧ ಅನ್ಯಾಯ, ಇದರಲ್ಲಿ ಮಾತ್ರ ನಾನಿಲ್ಲ' ಎನ್ನುವವನಿಗೆ ಜಾಗವಿಲ್ಲ. ಲೂಯಿಸ್ ನೆಗ್ರೆ ಎಂಬ ಕಥೋಲಿಕ ಯುವಕ ವಿಯೆಟ್ನಾಂಗೆ ಹೋಗಲೊಲ್ಲದೆ, ನ್ಯಾಯಯುದ್ಧ ಅನ್ಯಾಯಯುದ್ಧಗಳನ್ನು ಬೇರ್ಪಡಿಸಲು ತನ್ನ ಧರ್ಮವೇ ಕಲಿಸಿದೆ ಎಂದು ನ್ಯಾಯಾಲಯಕ್ಕೆ ಹೋದನು. 1971ರಲ್ಲಿ ಅಮೇರಿಕಾದ ಸರ್ವೋಚ್ಚ ನ್ಯಾಯಾಲಯ ಎಂಟು ಜನ ನ್ಯಾಯಮೂರ್ತಿಗಳ ಬಹುಮತದಿಂದ ಅವನ ವಿರುದ್ಧ ತೀರ್ಪಿತ್ತಿತು. ಒಬ್ಬರು ಮಾತ್ರ ಭಿನ್ನಮತ ಬರೆದರು. ಕಾನೂನನ್ನು ಬದಲಿಸಿರೆಂದು ಅಲ್ಲಿನ ಧರ್ಮಾಧ್ಯಕ್ಷರು 1968ರಲ್ಲೇ ಕೇಳಿದ್ದರು. ಬದಲಾಗಲಿಲ್ಲ. ಎಲ್ಲ ಯುದ್ಧವೂ ಬೇಡವೆನ್ನುವವನಿಗೆ ಬಾಗಿಲಿದೆ. ಕೆಟೆಕಿಸಂನ ಷರತ್ತುಗಳನ್ನು ಕಲಿತು ತೂಗಿ ನೋಡುವ ಕಥೋಲಿಕ ಹುಡುಗನಿಗೆ ಇಲ್ಲ. ಇದು ನನಗೆ ಇಂದಿಗೂ ಸರಿಯೆನಿಸುವುದಿಲ್ಲ.

"ಹೋದರೆ ಪಾಪವಾ?" ಎಂಬ ಪ್ರಶ್ನೆಗೆ ಬರೋಣ. ದೇಶದ ನ್ಯಾಯವಾದ ರಕ್ಷಣೆಗೆ ಹೋಗುವುದು ಪಾಪವಲ್ಲ. ಪ್ರಾಮಾಣಿಕವಾದ ಮನಸ್ಸಾಕ್ಷಿಯಿಂದ ಆಯುಧವನ್ನು ನಿರಾಕರಿಸಿ ಬೇರೆ ಸೇವೆಗೆ ನಿಲ್ಲುವುದೂ ಪಾಪವಲ್ಲ. ನಿರಪರಾಧಿಗಳನ್ನು ಕೊಲ್ಲೆಂಬ ಆಜ್ಞೆಯನ್ನು 'ಮೇಲಿನವರು ಹೇಳಿದರು' ಎಂದು ಪಾಲಿಸುವುದು ಪಾಪ. ಕುರುಡು ವಿಧೇಯತೆ ನೆಪವಾಗದೆಂದು ಕೆಟೆಕಿಸಂ ಸ್ಪಷ್ಟವಾಗಿ ತಿಳಿಸುತ್ತದೆ. ಯೋಚಿಸದೆ ಹೋಗುವುದೂ, ಕೇವಲ ಪ್ರಾಣಭಯವನ್ನು ಮನಸ್ಸಾಕ್ಷಿಯೆಂದು ಕರೆದು ತಪ್ಪಿಸಿಕೊಳ್ಳುವುದೂ ಬೇರೆ ಮಾತು.

ಅಮೇರಿಕಾದಲ್ಲಿ ಹೆಸರು ದಾಖಲಿಸುವ ಅರ್ಜಿಯಲ್ಲಿ ಮನಸ್ಸಾಕ್ಷಿಯ ವಿಷಯ ಹೇಳಲು ಪ್ರತ್ಯೇಕ ಜಾಗವಿಲ್ಲ. ಕರೆ ಬಂದ ಮೇಲೆ ಸ್ಥಳೀಯ ಮಂಡಳಿಯ ಮುಂದೆ ಹೇಳಿಕೊಳ್ಳಬೇಕು. ಈ ನಂಬಿಕೆ ನಿನ್ನೆ ಮೊನ್ನೆಯದೋ, ನಿಜವಾದದ್ದೋ ಎಂದು ಅವರು ತೂಗಿ ನೋಡುತ್ತಾರೆ. ಅದಕ್ಕೇ ಆ ತಾಯಿಗೆ ಹೇಳಿದೆ: ಮೊಮ್ಮಗನಿಗೆ ಯಾವ ಕಡೆಗೂ ಒತ್ತಾಯ ಮಾಡಬೇಡಿ. ಲೂಕ 3, ಮಕ್ಕಬಿಯರ ಗ್ರಂಥದ 3ನೆಯ ಅಧ್ಯಾಯ ಎರಡನ್ನೂ ಫೋನಿನಲ್ಲೇ ಅವನ ಜೊತೆ ಓದಿ, ಮೊದಲು ಅವನು ಮಾತಾಡಲಿ. ಮುಂದೆ ಸೈನ್ಯಕ್ಕೆ ಸೇರಬೇಕೆನಿಸಿದರೆ ಏಕೆಂದು, ಬೇಡವೆನಿಸಿದರೆ ಏಕೆಂದು ತನ್ನ ಮಾತಿನಲ್ಲೇ ಒಂದು ಪುಟ ಬರೆದು ದಿನಾಂಕ ಹಾಕಲಿ. ಒಂದು ಪ್ರತಿ ಅಲ್ಲಿನ ಧರ್ಮಕೇಂದ್ರದ ಗುರುಗಳ ಬಳಿ ಇರಲಿ, ಇನ್ನೊಂದು ಮನೆಯ ಕಪಾಟಿನಲ್ಲಿ, ಅವನ ಜ್ಞಾನಸ್ನಾನದ ಪತ್ರದ ಜೊತೆಗೆ.