ಹೊಂಡಕ್ಕೆ ಪ್ಲಾಸ್ಟಿಕ್ಕೋ, ಮಣ್ಣಿನ ಚಾಪೆಯೋ?

ಚಿಂತಾಮಣಿ ತಾಲ್ಲೂಕಿನ ಒಂದು ಸ್ವಸಹಾಯ ಸಂಘದ ಸಭೆ. ಉಳಿತಾಯದ ಲೆಕ್ಕ ಮುಗಿದ ಮೇಲೆ ಒಬ್ಬ ಅಕ್ಕ ಎದ್ದು ನಿಂತು ಕೇಳಿದರು: "ಸಿಸ್ಟರ್, ನಮ್ಮ ಕೃಷಿ ಹೊಂಡದ ಶೀಟು ನಾಲ್ಕನೇ ವರ್ಷಕ್ಕೇ ಹರಿದೋಯ್ತು. ಈಗ ಯಾರೋ ಬಂದು, ಶೀಟು ಬ್ಯಾಡ, ಮಣ್ಣು ತುಂಬಿದ ಚಾಪೆ ಐತೆ, ತೂತು ಬಿದ್ರೂ ತಾನೇ ಮುಚ್ಕೊಂತೈತೆ ಅಂತ ಹೇಳಿ ಹೋದ್ರು. ಸಂಘದಾಗೆ ಸಾಲ ತಗೊಂಡು ಹಾಕಿಸ್ಲಾ?"

ಆವತ್ತು ನಮಗೆ ಉತ್ತರ ಹೇಳಲು ಆಗಲಿಲ್ಲ. ನಾವು ಓದಿದ್ದು ಸಮಾಜಕಾರ್ಯ, ಇಂಜಿನಿಯರಿಂಗ್ ಅಲ್ಲ. ಆದರೆ ಸಾಲ ಮಾಡುವುದು ಸಂಘದ ಹಣದಲ್ಲಿ, ತೀರಿಸುವುದು ಹಾಲು ಮಾರಿದ ದುಡ್ಡಿನಲ್ಲಿ. ಗೊತ್ತಿಲ್ಲ ಎಂದು ಹೇಳಿ ಸುಮ್ಮನಾಗುವ ವಿಷಯ ಇದಲ್ಲ. ಹಾಗಾಗಿ ತಿಳಿದವರನ್ನು ಕೇಳಿ, ಓದಿ, ಕೆಲವು ಹೊಂಡಗಳಿಗೆ ಇಳಿದು ನೋಡಿ ಬಂದೆವು. ತಿಳಿದುಕೊಂಡದ್ದನ್ನು ಈ ಪಾಠದಲ್ಲಿ ಬರೆಯುತ್ತಿದ್ದೇವೆ.

ನಮ್ಮ ಸೀಮೆಯ ಪರಿಸ್ಥಿತಿ ನಿಮಗೆ ಗೊತ್ತೇ ಇದೆ. ಪಾಪಾಗ್ನಿ, ಚಿತ್ರಾವತಿ, ಪಿನಾಕಿನಿ ನದಿಗಳೆಲ್ಲಾ ನಂದಿಬೆಟ್ಟದ ಸುತ್ತಿನಲ್ಲೇ ಹುಟ್ಟುತ್ತವೆ, ಆದರೆ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಮಳೆ ವರ್ಷಕ್ಕೆ 700 ಮಿ.ಮೀ. ಆಸುಪಾಸು. ಅದೂ ರಾಗಿ ತೆನೆ ಬಿಡುವ ಹೊತ್ತಿಗೆ ಕೈ ಕೊಡುತ್ತದೆ. ಬೋರ್‌ವೆಲ್ ಸಾವಿರ ಅಡಿ ದಾಟಿದೆ. ಇಂಥ ಒಣಸೀಮೆಗೆಂದೇ ರಾಜ್ಯ ಸರ್ಕಾರ 2014ರಲ್ಲಿ ಕೃಷಿ ಭಾಗ್ಯ ಯೋಜನೆ ತಂದಿತು. ಮಧ್ಯೆ ನಿಂತಿದ್ದ ಯೋಜನೆ 2023-24ರಲ್ಲಿ ಮತ್ತೆ ಶುರುವಾಯಿತು. ಹೊಂಡ ತೋಡಿ ತಳಕ್ಕೆ ಪಾಲಿಥಿನ್ ಹೊದಿಕೆ ಹಾಸುವುದು ಅದರ ಮುಖ್ಯ ಕೆಲಸ.

ಕೆರೆ ಬೇರೆ, ಹೊಂಡ ಬೇರೆ

ನೀರು ಇಂಗಬಾರದು ಎಂದು ಹೊದಿಕೆ ಹಾಕುತ್ತೇವೆ. ಆದರೆ ಎಲ್ಲಾ ಕಡೆ ಇಂಗುವುದು ನಷ್ಟವಲ್ಲ. ಊರ ಕೆರೆಯಲ್ಲಿ ಇಂಗಿದ ನೀರೇ ಸುತ್ತಲಿನ ಬಾವಿ, ಬೋರ್‌ಗಳಿಗೆ ಹೋಗುತ್ತದೆ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು 2018ರಿಂದ ಕೋಲಾರದ ಕೆರೆಗಳಿಗೆ ತುಂಬಿಸುತ್ತಿರುವುದೂ, ಆಮೇಲೆ ಹೆಬ್ಬಾಳ-ನಾಗವಾರ ಕಣಿವೆಯಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ನೀರು ತಂದದ್ದೂ ಅಂತರ್ಜಲ ಏರಲಿ ಎಂದೇ. ಆ ನೀರಿನ ಗುಣಮಟ್ಟದ ಬಗ್ಗೆ ಜನರಿಗಿರುವ ಅನುಮಾನ ಬೇರೆ ವಿಷಯ, ಅದಕ್ಕೆ ಇನ್ನೊಂದು ಸಂಚಿಕೆಯೇ ಬೇಕು. ಹೂಳೆತ್ತುವಾಗ "ಕೆರೆಗೂ ಏನಾದ್ರೂ ಹಾಸಿಬಿಡೋಣ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಇಂಗುವ ಕೆರೆಗೆ ಹೊದಿಕೆ ಹಾಕಿದರೆ ಊರಿನ ಬೋರ್‌ಗಳ ಬಾಯಿ ಮುಚ್ಚಿದ ಹಾಗೆ.

ಕೃಷಿ ಹೊಂಡದ ಉದ್ದೇಶ ಬೇರೆ. ಮಳೆ ಕೈ ಕೊಟ್ಟಾಗ ಬೆಳೆಯ ಜೀವ ಉಳಿಸಲು ಅಲ್ಲಿ ನೀರು ನಿಂತಿರಬೇಕು. ಮೇಲೆ 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳದ ಹೊಂಡ ಎಂದಿಟ್ಟುಕೊಳ್ಳಿ. ಬದಿಗಳು ಒಂದು ಮೀಟರ್ ಆಳಕ್ಕೆ ಒಂದು ಮೀಟರ್ ಒಳಕ್ಕೆ ಇಳಿಜಾರಾಗಿ ಬಂದರೆ ತಳದಲ್ಲಿ ಉಳಿಯುವುದು 6 ಮೀಟರ್ ಚೌಕ. ಇದರಲ್ಲಿ ಸುಮಾರು 2,50,000 ಲೀಟರ್ ನೀರು ಹಿಡಿಯುತ್ತದೆ. ಒಂದು ಎಕರೆಗೆ ಎರಡು ಅಂಗುಲ ನೀರು ಹಾಯಿಸಲು ಸುಮಾರು ಎರಡು ಲಕ್ಷ ಲೀಟರ್ ಬೇಕು. ಅಂದರೆ ಇಡೀ ಹೊಂಡದ ನೀರು ಒಂದು ಎಕರೆ ರಾಗಿಗೆ ಒಂದೇ ತೇವ. ತುಂತುರು ನೀರಾವರಿಯಲ್ಲಿ ಕೊಟ್ಟರೆ ಎರಡು ತೇವ ಆದೀತು. ಇಷ್ಟು ನೀರನ್ನು ಮರಳು ಮಿಶ್ರಿತ ಕೆಮ್ಮಣ್ಣು ಕೆಲವೇ ದಿನಗಳಲ್ಲಿ ಕುಡಿದುಬಿಡುತ್ತದೆ.

ಸೋರಿಕೆ ಎಷ್ಟು ಎಂದು ಮೊದಲು ಅಳೆಯಿರಿ. ಹೊಂಡದ ನೀರಿನಲ್ಲಿ ಒಂದು ಗೂಟ ನೆಟ್ಟು ನೀರಿನ ಮಟ್ಟಕ್ಕೆ ಗುರುತು ಹಾಕಿ. ಪಕ್ಕದಲ್ಲೇ ಒಂದು ಬಕೆಟ್ಟಿಗೆ ನೀರು ತುಂಬಿ, ಅರ್ಧದಷ್ಟು ಹೊಂಡದ ನೀರಿನಲ್ಲಿ ಮುಳುಗಿರುವಂತೆ ಕಲ್ಲಿನ ಮೇಲೆ ಇಟ್ಟು, ಒಳಗಡೆ ಗುರುತು ಹಾಕಿ. ಮಳೆ ಇಲ್ಲದ ಐದು ದಿನ ಬಿಟ್ಟು ನೋಡಿ. ಬಕೆಟ್ಟಿನಲ್ಲಿ ಇಳಿದದ್ದು ಬಿಸಿಲಿಗೆ ಹೋದ ನೀರು. ಹೊಂಡದಲ್ಲಿ ಅದಕ್ಕಿಂತ ಹೆಚ್ಚು ಇಳಿದಿದ್ದರೆ ಆ ಹೆಚ್ಚಿನದು ಸೋರಿಕೆ. ಬಿಸಿಲಿಗೆ ಹೋಗುವುದನ್ನು ಯಾವ ಹೊದಿಕೆಯೂ ತಡೆಯುವುದಿಲ್ಲ. ದಿನಕ್ಕೆ 5 ಮಿ.ಮೀ. ಆವಿಯಾದರೂ ಮೇಲೆ ಹೇಳಿದ ಹೊಂಡ ತುಂಬಿದ್ದಾಗ ದಿನಕ್ಕೆ 720 ಲೀಟರ್ ಹೋಗುತ್ತದೆ. ಎರಡೂ ಅಳತೆ ಒಂದೇ ಇದ್ದರೆ ನಿಮ್ಮ ಶೀಟು ಚೆನ್ನಾಗಿಯೇ ಇದೆ, ಖರ್ಚು ಬೇಡ.

ಈ ಚಾಪೆ ಎಂದರೇನು?

ಇದರ ಹೆಸರು ಜಿಯೋಸಿಂಥೆಟಿಕ್ ಕ್ಲೇ ಲೈನರ್. ಎರಡು ಗಟ್ಟಿ ಸಿಂಥೆಟಿಕ್ ಬಟ್ಟೆಗಳ ನಡುವೆ ಬೆಂಟೋನೈಟ್ ಎಂಬ ಜೇಡಿಮಣ್ಣಿನ ಪುಡಿ ಹರಡಿ, ಸೂಜಿಗಳಿಂದ ಚುಚ್ಚಿ ಕೌದಿಯ ಹಾಗೆ ಹಿಡಿದಿಟ್ಟಿರುತ್ತಾರೆ. 1980ರ ದಶಕದಲ್ಲಿ ಅಮೆರಿಕ, ಜರ್ಮನಿಗಳಲ್ಲಿ ಬಳಕೆಗೆ ಬಂತು. ನಮ್ಮ ದೇಶದಲ್ಲಿ ಬೆಂಟೋನೈಟ್ ಸಿಗುವುದು ಮುಖ್ಯವಾಗಿ ಗುಜರಾತಿನ ಕಚ್ಛ್, ರಾಜಸ್ಥಾನದ ಬಾರ್ಮೇರ್ ಕಡೆ.

ಕಾಮಕಸ್ತೂರಿ ಬೀಜ ನೀರಿಗೆ ಹಾಕಿದರೆ ಹೇಗೆ ಉಬ್ಬಿ ಲೋಳೆಯಾಗುತ್ತದೋ, ಬೆಂಟೋನೈಟೂ ಹಾಗೆಯೇ. ಒಳ್ಳೆಯ ಜಾತಿಯ ಪುಡಿ 2 ಗ್ರಾಂ ತೆಗೆದುಕೊಂಡು ನೀರಿಗೆ ಹಾಕಿದರೆ 24 ಮಿಲಿಲೀಟರಿಗಿಂತ ಹೆಚ್ಚು ಜಾಗ ತುಂಬುತ್ತದೆ. ಆ ಲೋಳೆಯ ಮೂಲಕ ನೀರು ದಾಟುವುದು ಬಹಳ ಕಷ್ಟ. ಮುಳ್ಳೋ ಕಲ್ಲೋ ಚುಚ್ಚಿ ಸಣ್ಣ ತೂತಾದರೆ ಸುತ್ತಲಿನ ಮಣ್ಣು ಉಬ್ಬಿ ಅದನ್ನು ತುಂಬಿಬಿಡುತ್ತದೆ. ಎರಡು ಚಾಪೆ ಸೇರುವಲ್ಲಿ ಬೆಸುಗೆ ಬೇಕಿಲ್ಲ. ಒಂದರ ಮೇಲೊಂದು ಗೇಣಿನಷ್ಟೋ ಸ್ವಲ್ಪ ಹೆಚ್ಚೋ ಹೊದಿಸಿ, ನಡುವೆ ಅದೇ ಪುಡಿ ಉದುರಿಸಿದರೆ ಸಾಕು. ಒಂದು ಸೆಂಟಿಮೀಟರ್ ದಪ್ಪವೂ ಇಲ್ಲದ ಈ ಚಾಪೆ, ದಮ್ಮಸ್ಸು ಮಾಡಿದ ಎರಡು ಮೂರು ಅಡಿ ಜೇಡಿಮಣ್ಣಿನ ಕೆಲಸ ಮಾಡುತ್ತದೆ. ಆದ್ದರಿಂದ ಆ ಅಕ್ಕನಿಗೆ ಬಂದವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಹೇಳದೆ ಬಿಟ್ಟದ್ದು ಬಹಳ ಇದೆ.

ಮೊದಲನೆಯದು, ಈ ಚಾಪೆಯನ್ನು ಬರಿದಾಗಿ ಬಿಡುವ ಹಾಗಿಲ್ಲ. ಉಬ್ಬುವಾಗ ಮೇಲಿನಿಂದ ಭಾರ ಇರಬೇಕು, ಇಲ್ಲದಿದ್ದರೆ ಲೋಳೆ ಸಡಿಲವಾಗಿ ನೀರು ಬಿಡುತ್ತದೆ. ಹಾಗಾಗಿ ಮೇಲೆ ಕನಿಷ್ಠ ಒಂದಡಿ ಮಣ್ಣು ಹಾಕಬೇಕು. ನಮ್ಮ ಹೊಂಡಗಳ ಕಡಿದಾದ ಬದಿಯಲ್ಲಿ ಈ ಮಣ್ಣು ನಿಲ್ಲುವುದೇ ಇಲ್ಲ, ಮೊದಲ ಮಳೆಗೇ ಜಾರಿ ತಳ ಸೇರುತ್ತದೆ. ಅದು ನಿಲ್ಲಬೇಕಾದರೆ ಒಂದು ಮೀಟರ್ ಆಳಕ್ಕೆ ಮೂರು ಮೀಟರಿನಷ್ಟು ಒಳಕ್ಕೆ ಇಳಿಜಾರು ಬೇಕು. ಲೆಕ್ಕ ಹಾಕಿ ನೋಡಿ: 3 ಮೀಟರ್ ಆಳಕ್ಕೆ ಆ ಕಡೆ 9, ಈ ಕಡೆ 9, ಇಳಿಜಾರಿಗೇ 18 ಮೀಟರ್ ಹೋಯಿತು. ಹೊಂಡ ಇರುವುದೇ 12 ಮೀಟರ್! ಎರಡು ಎಕರೆ ಇರುವವರು ಇದಕ್ಕಾಗಿ ಇನ್ನೆಷ್ಟು ಜಮೀನು ಬಿಡುವುದು?

ಎರಡನೆಯದು ಇನ್ನೂ ಮುಖ್ಯ. ಚಾಪೆ ಸದಾ ತೇವವಾಗಿ ಇರಬೇಕು. ನಮ್ಮ ಹೊಂಡಗಳು ಫೆಬ್ರವರಿ, ಮಾರ್ಚಿಗೆ ಒಣಗಿ ಜೂನಿನವರೆಗೂ ಬಾಯಿ ತೆರೆದುಕೊಂಡಿರುತ್ತವೆ. ಒಣಗಿದ ಬೆಂಟೋನೈಟ್ ಕುಗ್ಗಿ ಬಿರುಕು ಬಿಡುತ್ತದೆ. ಮಳೆ ಬಂದಾಗ ಮತ್ತೆ ಉಬ್ಬಿ ಬಿರುಕು ಮುಚ್ಚಬೇಕು, ನಿಜ. ಆದರೆ ಅದಕ್ಕೆ ಉಬ್ಬುವ ಶಕ್ತಿ ಬರುವುದು ಅದರಲ್ಲಿರುವ ಸೋಡಿಯಂನಿಂದ. ಮಣ್ಣಿನಲ್ಲಿ, ಗಡಸು ನೀರಿನಲ್ಲಿ ಇರುವ ಕ್ಯಾಲ್ಸಿಯಂ ಮೆಲ್ಲಗೆ ಸೋಡಿಯಂನ ಜಾಗ ಹಿಡಿಯುತ್ತದೆ. ಆಮೇಲೆ ಮೊದಲಿನ ಹಾಗೆ ಉಬ್ಬುವುದಿಲ್ಲ, ಬಿರುಕು ಬಿರುಕಾಗಿಯೇ ಉಳಿಯುತ್ತದೆ. ತ್ರೀ ಫೇಸ್ ಕರೆಂಟು ಬಂದಾಗ ರಾತ್ರಿ ಬೋರ್ ನೀರನ್ನು ಹೊಂಡಕ್ಕೆ ಬಿಟ್ಟು, ಬೆಳಿಗ್ಗೆ ಡ್ರಿಪ್‌ಗೆ ಕೊಡುವವರು ನಮ್ಮಲ್ಲಿ ಬಹಳ ಜನ. ಆ ಬೋರ್ ನೀರು ಎಷ್ಟು ಗಡಸು ಎಂದು ನಿಮ್ಮ ಮನೆಯ ಹಂಡೆಯೊಳಗೆ ಕಟ್ಟಿರುವ ಬಿಳಿ ಪದರವನ್ನೇ ನೋಡಿ. ಒಣಗುವುದು, ಗಡಸು ನೀರು, ಎರಡೂ ಸೇರಿದ ಕಡೆ ಈ ಚಾಪೆ ಹಾಕಬಾರದು.

ತೂಕವನ್ನೂ ನೋಡಿ. ನಮ್ಮ 12 ಮೀಟರ್ ಹೊಂಡಕ್ಕೆ 500 ಮೈಕ್ರಾನ್ ಶೀಟು ಸುಮಾರು 130 ಕೆ.ಜಿ. ಆಗುತ್ತದೆ, ಎತ್ತಿನ ಗಾಡಿಯಲ್ಲೇ ಬರುತ್ತದೆ. ಅಷ್ಟೇ ಜಾಗಕ್ಕೆ ಚಾಪೆ ಒಂದು ಟನ್ನಿಗೂ ಹೆಚ್ಚು. ಉರುಳೆ ಇಳಿಸಲು ಜೆಸಿಬಿಯೇ ಬೇಕು.

ಹಾಗಾದರೆ ಇದು ಎಲ್ಲಿಗೆ ಸರಿ? ವರ್ಷವಿಡೀ ನೀರು ನಿಲ್ಲುವ, ಅಗಲವಾದ, ಇಳಿಜಾರು ಕಡಿಮೆ ಇರುವ ಕೃತಕ ಕೆರೆಗಳಿಗೆ, ಉದ್ಯಾನದ ಕೊಳಗಳಿಗೆ ಸರಿ. ಕಸ ತುಂಬುವ ನೆಲಭರ್ತಿ ಜಾಗಗಳ ತಳದಲ್ಲೂ ಬಳಸುತ್ತಾರೆ. 2016ರ ಘನತ್ಯಾಜ್ಯ ನಿಯಮಗಳ ಪ್ರಕಾರ ಅಂಥ ಜಾಗದ ತಳದಲ್ಲಿ 90 ಸೆಂ.ಮೀ. ಜೇಡಿಮಣ್ಣು, ಅದರ ಮೇಲೆ 1.5 ಮಿ.ಮೀ. ದಪ್ಪದ ಎಚ್.ಡಿ.ಪಿ.ಇ. ಹಾಳೆ ಇರಬೇಕಿತ್ತು. ಕಸದ ಕೊಳೆನೀರು ಕುಡಿಯುವ ಬಾವಿಗೆ ಇಳಿಯಬಾರದಲ್ಲ.

ನಾಲ್ಕೇ ವರ್ಷಕ್ಕೆ ಹರಿದದ್ದು ಯಾಕೆ?

ಆ ಅಕ್ಕನ ಹೊಂಡಕ್ಕೆ ಹೋಗಿ ನೋಡಿದಾಗ ತಪ್ಪು ಶೀಟಿನದು ಮಾತ್ರ ಅಲ್ಲ ಎಂದು ತಿಳಿಯಿತು. ನಮ್ಮದೂ ಇತ್ತು. ಮಳೆ ಬರುವ ಮುಂಚೆ ಮುಗಿಸಿ ಎಂದು ಅವಸರ ಮಾಡಿದವರು ನಾವೇ. ತಳದಲ್ಲಿ ಬೆಣಚುಕಲ್ಲಿನ ಚೂರು ಹಾಗೇ ಇತ್ತು. ಅಂಚನ್ನು ಬರೀ ಕಲ್ಲು ಹೇರಿ ಬಿಟ್ಟಿದ್ದರು, ಗಾಳಿಗೆ ಪಟಪಟ ಹೊಡೆದುಕೊಂಡು ಅಲ್ಲಿಂದಲೇ ಸೀಳಿತ್ತು.

ಶೀಟು ಹಾಸುವ ಮುಂಚೆ ಕಲ್ಲು, ಬೇರು, ಕೂಳೆ ಎಲ್ಲಾ ಆರಿಸಿ, ಜರಡಿ ಹಿಡಿದ ಮಣ್ಣೋ ಮರಳೋ ಮೂರು ಅಂಗುಲ ಹರಡಿ ತಟ್ಟಿ. ಮೇಲಂಚಿನ ಸುತ್ತ ಒಂದೂವರೆ ಅಡಿ ಆಳದ ಕಾಲುವೆ ತೋಡಿ, ಶೀಟಿನ ತುದಿ ಅದರೊಳಗೆ ಇಳಿಸಿ ಮಣ್ಣು ಮುಚ್ಚಿ. ಇದಕ್ಕೆಲ್ಲಾ ಸೇರಿ ಸುಮಾರು 16.5 ಮೀಟರ್ ಚೌಕದ ಒಂದೇ ಹಾಳೆ ಬೇಕು. ಬೆಳಗಿನ ತಂಪಿನಲ್ಲಿ, ಬಿಗಿ ಎಳೆಯದೆ ಹಾಸಿ. ಚಪ್ಪಲಿ ಹಾಕಿ ಇಳಿಯಬೇಡಿ. ಆವತ್ತೇ ಒಂದಡಿಯಾದರೂ ನೀರು ಬಿಡಿ, ಗಾಳಿಗೆ ಏಳುವುದಿಲ್ಲ. ನೀರು ಒಳಬರುವ ಕಡೆ ಹೂಳು ನಿಲ್ಲಲು ಒಂದು ಸಣ್ಣ ಗುಂಡಿ ಇರಲಿ. ಹರಿದರೆ ಸೈಕಲ್ ಟ್ಯೂಬಿನ ಸೊಲ್ಯೂಷನ್ ಹಚ್ಚಬೇಡಿ, ಈ ಪ್ಲಾಸ್ಟಿಕ್ಕಿಗೆ ಅಂಟು ಹಿಡಿಯುವುದಿಲ್ಲ. ಬಿಸಿಗಾಳಿಯ ಬೆಸುಗೆಯೇ ಆಗಬೇಕು. ಕೊಳ್ಳುವಾಗ ಐ.ಎಸ್. 15351 ಗುರುತು ನೋಡಿ.

ಹತ್ತಿರದಲ್ಲಿ ಒಳ್ಳೆಯ ಜೇಡಿಮಣ್ಣು ಇದ್ದರೆ ಅದೂ ಒಂದು ದಾರಿ. ಒದ್ದೆ ಮಣ್ಣನ್ನು ಪೆನ್ಸಿಲಿನಷ್ಟು ದಪ್ಪ ಹೊಸೆದು ಬಳೆಯ ಹಾಗೆ ಬಗ್ಗಿಸಿ. ಬಿರುಕು ಬಿಡದೆ ಬಳೆಯಾದರೆ ಜೇಡಿ ಸಾಕಷ್ಟಿದೆ. ಅರ್ಧ ಅಡಿಯಂತೆ ಎರಡು ಪದರ ಹಾಕಿ, ನೀರು ಚಿಮುಕಿಸಿ, ದಮ್ಮಸ್ಸು ಮಾಡಬೇಕು. ಪೂರಾ ನಿಲ್ಲುವುದಿಲ್ಲ, ಬೇಸಿಗೆಯಲ್ಲಿ ಒಣಗಿದರೆ ಇದೂ ಬಿರಿಯುತ್ತದೆ. ಆದರೆ ಕೈಯಿಂದ ದುಡ್ಡು ಹೋಗುವುದು ಕಡಿಮೆ, ಮುಂದಿನ ವರ್ಷ ನೀವೇ ಸರಿಮಾಡಬಹುದು.

ಇನ್ನೊಂದು ಮಾತು ಹೇಳದೆ ಈ ಪಾಠ ಮುಗಿಸಲಾರೆವು. ಕೃಷಿ ಹೊಂಡಕ್ಕೆ ಬಿದ್ದು ಮಕ್ಕಳು ತೀರಿಹೋದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ಒದ್ದೆ ಶೀಟಿನ ಮೇಲೆ ಕಾಲು ನಿಲ್ಲುವುದಿಲ್ಲ, ಹಿಡಿಯಲು ಏನೂ ಸಿಗುವುದಿಲ್ಲ. ಈಜು ಬಲ್ಲ ದೊಡ್ಡವರೂ ಹತ್ತಲಾರದೆ ಮುಳುಗುತ್ತಾರೆ. ಮಗುವನ್ನು ಎತ್ತಲು ಹೋದ ತಾಯಿಯೂ ಹೋಗಿಬಿಡುತ್ತಾಳೆ. ನಾಲ್ಕೂ ಬದಿಯಲ್ಲಿ ಗಟ್ಟಿ ಗೂಟಕ್ಕೆ ಹಗ್ಗ ಕಟ್ಟಿ, ಒಂದೊಂದು ಅಡಿಗೆ ಗಂಟು ಹಾಕಿ ತಳದವರೆಗೆ ಇಳಿಬಿಡಿ. ಹಳೇ ಟೈರುಗಳನ್ನು ಹಗ್ಗಕ್ಕೆ ಸಾಲಾಗಿ ಕಟ್ಟಿದರೆ ಮೆಟ್ಟಿಲಾಗುತ್ತದೆ. ಗಾಳಿ ತುಂಬಿದ ಲಾರಿ ಟ್ಯೂಬು ಒಂದು ಹೊಂಡದ ಹತ್ತಿರವೇ ಇರಲಿ. ಸುತ್ತ ಬೇಲಿ ಬೇಕೇ ಬೇಕು. ಮರುಶುರುವಾದ ಕೃಷಿ ಭಾಗ್ಯದಲ್ಲಿ ತಂತಿ ಬೇಲಿಗೂ ಸಹಾಯಧನ ಸೇರಿದೆ, ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ತಾಂತ್ರಿಕ ಸಲಹೆಗೆ ಚಿಂತಾಮಣಿ ಹತ್ತಿರ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರವೂ ಇದೆ.

ಆ ಅಕ್ಕ ಚಾಪೆಗೆ ಸಾಲ ತೆಗೆಯಲಿಲ್ಲ. ಬೇಲಿಗೆಂದು ಸ್ವಲ್ಪ ತೆಗೆದಿದ್ದಾರೆ. ಹೊಂಡ ಇರುವವರು ಮುಂದಿನ ಸಭೆಗೆ ಬರುವಾಗ ಬಕೆಟ್ಟಿನ ಅಳತೆ, ಗೂಟದ ಅಳತೆ ಎರಡನ್ನೂ ಚೀಟಿಯಲ್ಲಿ ಬರೆದುಕೊಂಡು ಬನ್ನಿ. ಕೂತು ಲೆಕ್ಕ ಮಾಡೋಣ.